ಮಾವ ತೀರಿಕೊಂಡಿದ್ದು ಯಾವ ತಾಲ್ಲೂಕಿನಲ್ಲಿ?

"ಮೂರೇ ಮೂರು ದಿನ ಅತ್ತೆ. ಮಾವನ ಮರಣ ಪ್ರಮಾಣ ಪತ್ರ ತಂದು ನಿಮ್ಮ ಕೈಗೆ ಇಡದಿದ್ರೆ ನನ್ನ ಹೆಸರು ಈರೇಶನೇ ಅಲ್ಲ!"

ಈ ಭೀಷ್ಮ ಪ್ರತಿಜ್ಞೆ ಹೊರಬಿದ್ದದ್ದು ಚಳ್ಳಕೆರೆಯ ಒಂದು ಅಡುಗೆಮನೆಯಲ್ಲಿ, ಬಾಯಲ್ಲಿ ಮುದ್ದೆ ಇದ್ದಾಗ. ಹಾಗಾಗಿ ಗಾಂಭೀರ್ಯ ಕೊಂಚ ಕಡಿಮೆಯಾಗಿಯೇ ಕೇಳಿಸಿತು. ಬಡಿಸುತ್ತಿದ್ದ ಹೆಂಡತಿ ಸ್ವಪ್ನ ಸಾರಿನ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದಳು:

"ಹನ್ನೊಂದು ತಿಂಗಳ ಹಿಂದೇನೂ ಮೂರೇ ದಿನ ಅಂದಿದ್ರಿ. ಇದು ಅದೇ ಮೂರು ದಿನವೋ, ಬೇರೆ ಮೂರು ದಿನವೋ?"

"ನಾನಿದ್ದೀನಲ್ಲ," ಅಂದ ಈರೇಶ.

ಇದು ಅವನ ತಾರಕ ಮಂತ್ರ. ಶೇಂಗಾ ಎಣ್ಣೆ ಗಿರಣಿಯಲ್ಲಿ ತೂಕ ಬರೆಯುವುದು ಅವನ ಕೆಲಸ. ಮೂಟೆಯನ್ನು ಅರ್ಧ ಕಿಲೋ ಆಚೀಚೆ ಆಗದಂತೆ ತೂಗುತ್ತಿದ್ದ ಮನುಷ್ಯ ಮಾತನ್ನು ಮಾತ್ರ ಯಾವತ್ತೂ ತಕ್ಕಡಿಗೆ ಹಾಕಿದವನಲ್ಲ. ಯಾರಿಗೆ ರೇಷನ್ ಕಾರ್ಡು ಬೇಕು, ಯಾರಿಗೆ ಪಹಣಿ ತಿದ್ದಿಸಬೇಕು, ಎಲ್ಲರಿಗೂ "ನಾನಿದ್ದೀನಲ್ಲ". ಅವರೆಲ್ಲ ಎರಡು ತಿಂಗಳು ಕಾದು, ಆಮೇಲೆ ತಾವೇ ಹೋಗಿ ಸಾಲಲ್ಲಿ ನಿಂತು ಮಾಡಿಸಿಕೊಳ್ಳುತ್ತಿದ್ದರು. ಕೆಲಸ ಆದ ದಿನ "ನಾನೇ ಒಂದು ಮಾತು ಹೇಳಿದ್ದೆ" ಎಂದು ಈರೇಶ ಎದೆ ಉಬ್ಬಿಸುತ್ತಿದ್ದ.

ಆದರೆ ಅತ್ತೆ ಸಿದ್ದಕ್ಕನ ಕೆಲಸ ಅಂಥದ್ದಲ್ಲ. ಮೊಳಕಾಲ್ಮೂರಿನ ಕಡೆಯ ಹಟ್ಟಿಯಲ್ಲಿ ಗಂಡನ ಹೆಸರಿನಲ್ಲಿ ಮೂರು ಎಕರೆ ಹೊಲ. ಅದು ಆಕೆಯ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣ ಪತ್ರ ಬೇಕು. ಸಾವಾಗಿ ವರ್ಷ ದಾಟಿದರೆ ನೋಂದಣಿಗೆ ದೊಡ್ಡ ಸಾಹೇಬರ ಆದೇಶ ತರಬೇಕು, ಅಲ್ಲಿಗೆ ಅಲೆದಾಟ ಶುರು. ಗಡುವಿಗೆ ಉಳಿದಿದ್ದು ಇಪ್ಪತ್ತೇ ದಿನ.

"ನನ್ನ ಮೈದುನ ಆಗ್ಲೇ ನಮ್ಮ ಹೊಲದ ಬದುವಿನ ಮೇಲೆ ಕೂತ್ಕಂಡು ಬೀಡಿ ಸೇದ್ತಾನೆ ಕಣಪ್ಪ," ಅಂದಳು ಸಿದ್ದಕ್ಕ, ಕಾಗದಗಳ ಪ್ಲಾಸ್ಟಿಕ್ ಕವರನ್ನು ಮಡಿಲಲ್ಲಿ ಅವುಚಿಕೊಂಡು. "ಇವತ್ತು ಬೀಡಿ ತಂದವ್ನೆ, ನಾಳೆ ನೇಗ್ಲು ತರ್ತಾನೆ."

ಆಮೇಲೆ ಎಂದಿನಂತೆ ಕೇಳಿದಳು: "ಅವರ ಕೊನೇ ಮಾತು ಇನ್ನೊಂದ್ಸಲ ಹೇಳಪ್ಪ."

ಈರೇಶ ಕೈ ತೊಳೆದುಕೊಂಡು ಬಂದು ಹೇಳಿದ. ಹನ್ನೊಂದು ತಿಂಗಳಿಂದ ಹೇಳಿ ಹೇಳಿ ಅದು ಹರಿಕಥೆಯ ಮಟ್ಟಕ್ಕೆ ಬಂದಿತ್ತು. ಮಾವ ಕೆಂಚಣ್ಣ ಮಗಳ ಮನೆಗೆ ಬಂದು, ಕಣ್ಣು ತೋರಿಸಿಕೊಂಡು, ಅಳಿಯನ ಜೊತೆ ಬಸ್ಸಿನಲ್ಲಿ ಊರಿಗೆ ಹೊರಟಿದ್ದು. ದಾರಿಯಲ್ಲಿ ಮಾವ ಅಳಿಯನ ಕೈ ಹಿಡಿದು, "ಈರೇಶಾ, ನನ್ನ ಸಿದ್ದಕ್ಕನ್ನ ಚೆನ್ನಾಗಿ ನೋಡ್ಕಳಪ್ಪಾ, ನೀನಿದ್ದೀಯಲ್ಲ" ಅಂದಿದ್ದು. ಅಷ್ಟೇ, ತಲೆ ಅಳಿಯನ ಭುಜಕ್ಕೆ ವಾಲಿದ್ದು. ಮೊಳಕಾಲ್ಮೂರಿನಲ್ಲಿ ಡಾಕ್ಟರು ನಾಡಿ ನೋಡಿ, ಪ್ರಾಣ ಹೋಗಿ ಆಗಲೇ ತುಂಬ ಹೊತ್ತಾಗಿದೆ ಅಂದಿದ್ದು.

ಸಿದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಪ್ನ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವಳಪ್ಪ ಕುರಿ ಕಾಯ್ದು ಬದುಕಿದ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಒಂಬತ್ತು ಕುರಿಗಳ ಜೊತೆ. ಅಂಥವನು ಸಾಯುವಾಗ ಇಷ್ಟು ಚೆನ್ನಾಗಿ ಭಾಷಣ ಮಾಡಿದನೇ ಎಂಬ ಅನುಮಾನ ಅವಳಿಗೆ ಮೊದಲಿಂದಲೂ ಇತ್ತು.

ಮೊದಲನೇ ದಿನ ಈರೇಶ ಇಸ್ತ್ರಿ ಅಂಗಿ ತೊಟ್ಟು ಚಳ್ಳಕೆರೆಯ ಕಚೇರಿಗೆ ಹೋದ. ದಾರಿಯಲ್ಲೇ ಒಂದು ಉಪಾಯ ಹೊಳೆದಿತ್ತು. ಬಸ್ಸು, ದಾರಿ, ಇದೆಲ್ಲ ರಗಳೆ ಯಾಕೆ? ಚಳ್ಳಕೆರೆಯ ನಮ್ಮ ಮನೆಯಲ್ಲೇ ಹೋದರು ಅಂದುಬಿಟ್ಟರೆ ಇಲ್ಲೇ ಮುಗಿಯುತ್ತದೆ!

"ಎಲ್ಲಿ ತೀರಿಕೊಂಡ್ರು?" ಅಂದರು ನೋಂದಣಿ ನೋಡಿಕೊಳ್ಳುವ ಮಾಲತಿ ಮೇಡಂ.

"ನಮ್ಮನೇಲೇ ಮೇಡಂ. ನನ್ನ ತೊಡೆ ಮೇಲೆ."

ಮೇಡಂ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ಕೈ ತೋರಿಸಿದರು. ಹೊರಗೆ ಟೀ ಅಂಗಡಿ. ಅಂಗಡಿಗೆ ಬಿಸಿಲು ತಡೆಯಲು ಒಂದು ಹಳೇ ಫ್ಲೆಕ್ಸ್ ಕಟ್ಟಿದ್ದರು. ಅದರ ಮೇಲೆ ಆಳೆತ್ತರದ ಈರೇಶ ಕೈ ಮುಗಿದು ನಿಂತಿದ್ದ. ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಕೆಂಚಣ್ಣ. ನಡುವೆ ದಪ್ಪ ಅಕ್ಷರ: "ಬಸ್ಸಿನಲ್ಲೇ ಸ್ವರ್ಗಯಾತ್ರೆ ಕೈಗೊಂಡ ಶ್ರೀ ಕೆಂಚಣ್ಣನವರಿಗೆ ಭಾವಪೂರ್ಣ ಶ್ರದ್ಧಾಂಜಲಿ".

"ದಿನಾ ಎರಡು ಹೊತ್ತು ಅದರ ಕೆಳಗೇ ಟೀ ಕುಡೀತೀನಿ," ಅಂದರು ಮೇಡಂ. "ಮೊದಮೊದಲು ತೀರಿಕೊಂಡೋರು ನೀವೇ ಅಂದ್ಕೊಂಡಿದ್ದೆ."

ಮೇಡಂ ಪಾಪ ಗದರಲಿಲ್ಲ. "ಸುಳ್ಳು ಯಾಕ್ರೀ ಹೇಳ್ಬೇಕು? ಬಸ್ಸಲ್ಲಿ ಹೋದ್ರೂ ದಾರಿ ಐತೆ. ಓಡೋ ಗಾಡೀಲಿ ಪ್ರಾಣ ಹೋದ್ರೆ, ಆಮೇಲೆ ಆ ಗಾಡಿ ಮೊದಲು ಎಲ್ಲಿ ನಿಲ್ಲುತ್ತೋ ಆ ಜಾಗದಲ್ಲಿ ನೋಂದಣಿ. ಬಸ್ಸು ತಳಕು ದಾಟಿ ಹಿರೇಹಳ್ಳೀಲಿ ನಿಂತ್ರೆ ನಮ್ಮ ತಾಲ್ಲೂಕು. ಬಿ.ಜಿ. ಕೆರೆಗೆ ಹೋಗಿ ನಿಂತ್ರೆ ಮೊಳಕಾಲ್ಮೂರು ತಾಲ್ಲೂಕು. ನಿಮ್ಮ ಮಾವ ಕೊನೇ ಮಾತಾಡಿದ್ದು ಎಲ್ಲಿ?"

ಕಥೆಯಲ್ಲಿ ಕೈ ಹಿಡಿದದ್ದಿತ್ತು, ಭುಜ ಇತ್ತು, ಕಣ್ಣೀರಿತ್ತು. ಊರೊಂದು ಇರಲಿಲ್ಲ. ಈರೇಶ ತಡವರಿಸಿ, ನೋಡಲು ಚೆನ್ನಾಗಿರುವ ಒಂದು ಜಾಗ ಆರಿಸಿದ. "ಮೊಳಕಾಲ್ಮೂರಿನ ಬೆಟ್ಟ ಕಾಣಿಸ್ತು ನೋಡಿ, ಅದನ್ನ ನೋಡ್ತಾ ನೋಡ್ತಾ ಹೇಳಿದ್ರು."

"ಹಾಗಾದ್ರೆ ಮೊಳಕಾಲ್ಮೂರಿಗೇ ಹೋಗಿ," ಅಂದರು ಮೇಡಂ.

ಎರಡನೇ ದಿನ ಮೊಳಕಾಲ್ಮೂರು. ಅಲ್ಲಿನ ಕುರ್ಚಿಯಲ್ಲಿ ಚಿನ್ನಯ್ಯ ಇದ್ದರು. ಸಿದ್ದಕ್ಕನ ಪಕ್ಕದ ಹಟ್ಟಿಯವರು, ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ. ಪರಿಚಯದವರೇ ಸಿಕ್ಕರೆಂದು ಈರೇಶ ಕುರ್ಚಿ ಎಳೆದುಕೊಂಡು, ಬೆಟ್ಟದ ವರ್ಣನೆಯನ್ನು ಇನ್ನಷ್ಟು ರಂಗಾಗಿ ಒಪ್ಪಿಸಿದ. ಚಿನ್ನಯ್ಯ ಕನ್ನಡಕ ಹಣೆಗೇರಿಸಿದರು.

"ಏಮಪ್ಪಾ ಈರೇಶ, ತಿಥಿ ಊಟದಾಗೆ ನನ್ನ ಪಕ್ಕದಾಗೇ ಕೂತ್ಕಂಡು ಏನಂದೆ? ತಳಕಿನ ಬಸ್ ಸ್ಟ್ಯಾಂಡಿನಾಗೆ ಟೀ ಕುಡಿದು, ಲೋಟ ಇಟ್ಟು, ಕೈ ಹಿಡ್ಕಂಡು ಹೇಳಿದ್ರು ಅಂದೆ. ನನಗೆ ಅಳು ಬಂದು ಅರ್ಧ ಹೋಳಿಗೆ ಎಲೇಲೇ ಬಿಟ್ಟೆ."

"ಅದು... ಅಲ್ಲಿ ಶುರು ಮಾಡಿದ್ರು, ಇಲ್ಲಿ ಬಂದು ಮುಗಿಸಿದ್ರು."

"ಎಂಥಾ ಮಾತಪ್ಪ ಅದು, ತಳಕಿಂದ ಬೆಟ್ಟದವರೆಗೂ ನಡೀತಾ? ನೋಡು, ಎಂಥಾ ಮನುಷ್ಯನೂ ಸಾಯೋದು ಒಂದೇ ಸಲ. ನಿಮ್ಮ ಮಾವ ನಿನ್ನ ಬಾಯಾಗೆ ಎರಡು ತಾಲ್ಲೂಕಿನಾಗೆ ಸತ್ತವ್ರೆ. ಪ್ರಮಾಣ ಮಾಡಿ ಎರಡು ಕಡೆ ಎರಡು ಬರ್ದು ಕೊಟ್ರೆ, ಮೂರನೇ ಕಡೆಯಿಂದ ಜೀಪ್ ಬಂದು ನಿನ್ನ ಕರ್ಕಂಡು ಹೋಗ್ತದೆ. ನಿಜ ಬರ್ಕಂಡು ಬಾ, ಅವತ್ತೇ ತಗಂತೀನಿ."

ಆ ಸಂಜೆ ಈರೇಶ ಮನೆಗೆ ಬಂದು, ಕಚೇರಿಗಳೇ ಸರಿಯಿಲ್ಲ, ದೇಶವೇ ಹೀಗೆ, ಬಡವನಿಗೆ ಸಾಯಲೂ ಸ್ವಾತಂತ್ರ್ಯವಿಲ್ಲ ಎಂದು ಅರ್ಧ ಗಂಟೆ ಗುಡುಗಿದ. ಸ್ವಪ್ನ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಅವ್ರು ಕೇಳಿದ್ದು ಎಲ್ಲಿ ಅಂತ ಅಷ್ಟೇ ಅಲ್ವಾ? ನೀವು ಪಕ್ಕದ ಸೀಟಲ್ಲೇ ಇದ್ರಿ. ಎಲ್ಲಿ ರೀ?"

"ದುಃಖದಾಗೆ ಮರ್ತೋಗೈತೆ."

"ಹಂಗಾದ್ರೆ ಕಂಡಕ್ಟರ್‌ನ ಕೇಳೋಣ."

"ಬ್ಯಾಡ," ಅಂದ ಈರೇಶ. ಎಷ್ಟು ಬೇಗ ಅಂದನೆಂದರೆ ಅವಳಿಗೆ ಅರ್ಧ ವಿಷಯ ಅಲ್ಲೇ ತಿಳಿದುಹೋಯಿತು.

ಮರುದಿನ ಅವಳೇ ಖಾಸಗಿ ಬಸ್ಸುಗಳು ನಿಲ್ಲುವ ಕಡೆ ಹೋಗಿ ಇಬ್ಬರನ್ನು ವಿಚಾರಿಸಿದಳು. ಮೂರನೆಯವನು ಪಾಲಣ್ಣ. ಅವತ್ತಿನ ಕಂಡಕ್ಟರ್ ಅವನೇ. ಮೂರು ದಿನ ಬೇಕಾಗಲಿಲ್ಲ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಅವಳು ಯಾರಿಗೂ "ನಾನಿದ್ದೀನಲ್ಲ" ಅಂತಲೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಮೊಳಕಾಲ್ಮೂರಿನಲ್ಲಿ ಚಿನ್ನಯ್ಯನವರ ಮೇಜಿನ ಮುಂದೆ ಎಲ್ಲರೂ ನಿಂತರು. ಸಿದ್ದಕ್ಕ ಕವರು ಹಿಡಿದು, ಸ್ವಪ್ನ ಅವ್ವನನ್ನು ಹಿಡಿದು, ಪಾಲಣ್ಣ ಟಿಕೆಟ್ ಚೀಲ ಹಿಡಿದು. ಈರೇಶ ಗೋಡೆ ಹಿಡಿದು.

"ತಳಕಿನಾಗೆ ಅಜ್ಜ ಚೆನ್ನಾಗಿದ್ರು ಸಾರ್," ಅಂದ ಪಾಲಣ್ಣ. "ನನ್ನ ಕೂಡೆ ಮಾತಾಡಿದ್ರು. ಅವತ್ತು ಹಿರೇಹಳ್ಳೀಲಿ ಹತ್ತೋರೂ ಇಲ್ಲ, ಇಳಿಯೋರೂ ಇಲ್ಲ, ನಿಲ್ಲಿಸ್ಲಿಲ್ಲ. ಆಮೇಲೆ ನಿಂತಿದ್ದು ಬಿ.ಜಿ. ಕೆರೇಲೇ. ಅಲ್ಲಿ ಒಬ್ಬಮ್ಮ ಹತ್ತಿ, ಕೊಂಚೆಂ ಜರುಗು ತಾತಾ, ಸ್ವಲ್ಪ ಸರ್ಕಾ ಅಂತ ಮೂರು ಸಲ ಕೇಳಿದ್ಲು. ಅಜ್ಜ ಅಲ್ಲಾಡ್ಲಿಲ್ಲ. ಇವ್ರು ಆಯಮ್ಮನಿಗೇ ಬೈದ್ರು. ದೊಡ್ಡೋರು ಮನಸಿಟ್ಟು ನನ್ನ ಮಾತು ಕೇಳ್ತಾ ಅವ್ರೆ, ಮಧ್ಯೆ ಬಾಯಿ ಹಾಕ್ಬ್ಯಾಡ ಅಂತ."

ಎಲ್ಲರೂ ಈರೇಶನ ಕಡೆ ತಿರುಗಿದರು. ಚಿನ್ನಯ್ಯ ಮೆಲ್ಲಗೆ ಕೇಳಿದರು: "ತಳಕು ಬಿಟ್ಟ ಮೇಲೆ ನಿಮ್ಮ ಮಾವ ನಿನ್ನ ಹತ್ರ ಏನಾದ್ರೂ ಮಾತಾಡಿದ್ರೇನಪ್ಪಾ?"

ಹನ್ನೊಂದು ತಿಂಗಳು ಹೊತ್ತ ಮೂಟೆ ಅಲ್ಲಿ ಬಿಚ್ಚಿಕೊಂಡಿತು.

"ಇಲ್ಲ ಸಾರ್," ಅಂದ ಈರೇಶ. "ನಾನೇ ಮಾತಾಡ್ತಾ ಇದ್ದೆ. ನಮ್ಮ ಓಣಿಗೆ ಟ್ರಾನ್ಸ್‌ಫಾರ್ಮರ್ ಹಾಕ್ಸಿದ್ದು, ತಾಲ್ಲೂಕು ಆಫೀಸಲ್ಲಿ ನನಗೆ ಎಷ್ಟು ಬೆಲೆ ಐತೆ ಅನ್ನೋದು, ಎಲ್ಲಾ ಹೇಳ್ತಾ ಇದ್ದೆ. ಮಾವ ಯಾವಾಗ್ಲೂ ಎರಡು ನಿಮಿಷ ಕೇಳಿ ಎದ್ದು ಹೋಗೋರು. ಅವತ್ತು ಎದ್ದು ಹೋಗ್ಲಿಲ್ಲ. ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರು. ಕೊನೆಗೂ ನನ್ನ ಬೆಲೆ ತಿಳೀತಲ್ಲ ಅಂತ ಖುಷಿ ಆಯ್ತು. ಆಮೇಲೆ ಗೊತ್ತಾಯ್ತು ಸಾರ್... ರೋಡ್ ಹಂಪ್ ಬಂದಾಗ್ಲೇ ತಲೆ ಆಡಿದ್ದು."

ಈರೇಶ ಕೈ ಮುಗಿದ. ಈ ಸಲ ನಟನೆಯಲ್ಲ. "ಅವತ್ತು ಅತ್ತೆ ಓಡಿ ಬಂದು, ಪಕ್ಕದಲ್ಲೇ ಇದ್ದೆಯಲ್ಲಪ್ಪ, ಏನಂದ್ರು ಅಂತ ಕೇಳಿದ್ರು. ಸತ್ತಿದ್ದೇ ನನಗೆ ಗೊತ್ತಾಗ್ಲಿಲ್ಲ ಅಂತ ಹೆಂಗೆ ಹೇಳ್ಲಿ? ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ತಪ್ಪಾಯ್ತು ಅತ್ತೆ."

ಸ್ವಪ್ನ ಗಾಬರಿಯಿಂದ ಅವ್ವನ ಕಡೆ ನೋಡಿದಳು. ಆಕೆ ಅಳುತ್ತಾಳೋ, ಅಳಿಯನ ಕೆನ್ನೆಗೆ ಬಾರಿಸುತ್ತಾಳೋ ತಿಳಿಯಲಿಲ್ಲ. ಸಿದ್ದಕ್ಕ ಎರಡನ್ನೂ ಮಾಡಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು ಬಿಡಪ್ಪ," ಅಂದಳು. "ನಲವತ್ತು ವರ್ಷ ಬಾಳ್ವೆ ಮಾಡೀನಿ. ಒಂದು ದಿನ ಆ ಮನುಷ್ಯ ನನ್ನ ಹೆಸರು ಹಿಡಿದು ಕರೆದಿಲ್ಲ. ಎಮ್ಮೆಗೂ ಏಯ್, ನಂಗೂ ಏಯ್. ನಿನ್ನ ಕಥೆಯಾಗೆ ನನ್ನ ಸಿದ್ದಕ್ಕ ಅಂತಿದ್ರು. ಸುಳ್ಳು ಅಂತ ಗೊತ್ತಿದ್ರೂ, ಅವರ ಬಾಯಾಗೆ ನನ್ನ ಹೆಸರು ಕೇಳೋಕೆ ಚೆಂದಾಗಿತ್ತು. ಅದಕ್ಕೇ ಹೇಳಿಸ್ಕಂತಿದ್ದೆ."

ಚಿನ್ನಯ್ಯ ಕನ್ನಡಕ ತೆಗೆದು ಒರೆಸಿದರು.

ಸಿದ್ದಕ್ಕ ಕಂಡಕ್ಟರ್ ಕಡೆ ತಿರುಗಿದಳು. "ತಳಕಿನಾಗೆ ನಿನ್ನ ಕೂಡೆ ಮಾತಾಡಿದ್ರು ಅಂದ್ಯಲ್ಲಪ್ಪ. ಏನಂದ್ರು?"

ಪಾಲಣ್ಣ ಒಮ್ಮೆ ಈರೇಶನನ್ನು ನೋಡಿದ, ಒಮ್ಮೆ ಛಾವಣಿ ನೋಡಿದ. "ಬ್ಯಾಡ ಬಿಡಮ್ಮ."

"ಹೇಳಪ್ಪ. ಹನ್ನೊಂದು ತಿಂಗಳಿಂದ ಬರೀ ಸುಳ್ಳು ಕೇಳೀನಿ."

"ನನ್ನ ತೋಳು ಹಿಡ್ಕಂಡು ಹತ್ರ ಕರೆದ್ರಮ್ಮ. ಕಿವಿಯಾಗೆ, ಅಪ್ಪಾ ಕಂಡಕ್ಟ್ರೇ, ನಾನು ಸ್ವಲ್ಪ ಕಣ್ಣು ಮುಚ್ತೀನಿ, ನನ್ನ ಅಳಿಯನ ಮಾತು ಮುಗಿದ ಮೇಲೆ ಎಬ್ಬಿಸು ಅಂದ್ರು. ನಾನೂ ಕಾಯ್ತಾನೇ ಇದ್ದೆ. ಮೊಳಕಾಲ್ಮೂರು ಬಂದ್ರೂ ಮುಗೀಲಿಲ್ಲ."

ಮೊದಲು ಸಿದ್ದಕ್ಕನ ಭುಜ ಅಲುಗಿತು. ಅಳು ಬಂತೆಂದು ಸ್ವಪ್ನ ಅಪ್ಪಿಕೊಂಡಳು. ನೋಡಿದರೆ ಅವ್ವ ನಗುತ್ತಿದ್ದಾಳೆ. ನಕ್ಕು ನಕ್ಕು, ಆಮೇಲೆ ಕಣ್ಣಲ್ಲಿ ನೀರು ಸುರಿಸಿ, "ಇದು ಕಣೇ ನಿಮ್ಮಪ್ಪನ ಮಾತು," ಅಂದಳು. "ಇದು ಮಾತ್ರ ಅಪ್ಪಟ ಅವರದ್ದೇ."

ಚಿನ್ನಯ್ಯ ಅರ್ಜಿ ತುಂಬಿಸಿಕೊಂಡರು. ಮರಣದ ಸ್ಥಳ, ಬಿ.ಜಿ. ಕೆರೆ. ಮುಂದಿನ ಕಲಂ ಓದಿದರು: "ಮರಣಕ್ಕೆ ಕಾರಣ?"

ನಾಲ್ಕು ಜೊತೆ ಕಣ್ಣು ನಿಧಾನವಾಗಿ ಗೋಡೆಯ ಕಡೆ ಸರಿದವು. ಕೊನೆಗೆ ಸ್ವಪ್ನಳೇ ಕರುಣೆ ತೋರಿಸಿದಳು.

"ವಯಸ್ಸಾಗಿತ್ತು ಅಂತ ಬರ್ಕಳ್ರಿ ಸಾರ್."

ಪ್ರಮಾಣ ಮಾಡಿದ ಕಾಗದ, ಮೇಲಿನವರ ಒಪ್ಪಿಗೆ, ತಡವಾದ ದಂಡ, ಎಲ್ಲ ಮುಗಿದು ಗಡುವಿಗೆ ಮೂರು ದಿನ ಇರುವಾಗ ಪ್ರಮಾಣ ಪತ್ರ ಸಿದ್ದಕ್ಕನ ಕೈಗೆ ಬಂತು. ಅದನ್ನು ಹಟ್ಟಿಗೆ ಒಯ್ದು ತೋರಿಸಿದ ದಿನ ಮೈದುನ ಬೀಡಿ ಆರಿಸಿ ಬದುವಿನ ಮೇಲಿಂದ ಎದ್ದನಂತೆ. ಈರೇಶ ಟೀ ಅಂಗಡಿಯ ಫ್ಲೆಕ್ಸನ್ನು ತಾನೇ ಬಿಚ್ಚಿ ತಂದ. "ನಾನೇ ಒಂದು ಮಾತು ಹೇಳಿದ್ದೆ" ಎಂದು ಈ ಸಲ ಯಾರ ಮುಂದೆಯೂ ಅನ್ನಲಿಲ್ಲ.

ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರೋಣವೆಂದು ಸಿದ್ದಕ್ಕ ಚಳ್ಳಕೆರೆಗೆ ಹೊರಟಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಆಕೆ, ಆಕೆಯ ಪಕ್ಕ ಈರೇಶ, ಹಿಂದಿನ ಸೀಟಿನಲ್ಲಿ ಸ್ವಪ್ನ. ಈರೇಶ ತುಟಿ ಬಿಚ್ಚಲಿಲ್ಲ. ಹುಟ್ಟಿದಾಗಿನಿಂದ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಬಿ.ಜಿ. ಕೆರೆ ದಾಟಿತು. ಸಿದ್ದಕ್ಕ ಕಣ್ಣು ಮುಚ್ಚಿ ಒರಗಿದ್ದಳು. ಒಂದು ಹಂಪ್ ಬಂತು, ಆಕೆಯ ತಲೆ ಆಡಿತು. ಈರೇಶನಿಗೆ ಜೀವ ಬಾಯಿಗೆ ಬಂತು.

"ಅತ್ತೆ, ಎಚ್ಚರ ಇದ್ದೀರಾ?"

ಸಿದ್ದಕ್ಕ ಕಣ್ಣು ತೆರೆಯದೆಯೇ ಅಂದಳು:

"ಇದ್ದೀನಪ್ಪ. ನೀನು ಇನ್ನೂ ಮಾತು ಶುರು ಮಾಡಿಲ್ಲವಲ್ಲ."