ಏಳುನೂರೈವತ್ತು ಗ್ಯಾಲನ್

ಲೋವೆಲ್ ಕ್ರುಪ್ಕಾ ಮಾಡಿದ ಲೆಕ್ಕ ಸರಿಯಾಗಿತ್ತು. ಆ ಶುಕ್ರವಾರ ಅವನಿಗೆ ಬಂದ ಕಷ್ಟಗಳಿಗೆಲ್ಲ ಅದೇ ಮೂಲ.

ಮಿಲ್ವಾಕಿಯ ನದಿ ಬದಿಗೆ ಎಂಟು ಮಹಡಿಯ ಅಪಾರ್ಟ್‌ಮೆಂಟೊಂದು ಏಳಲಿತ್ತು. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ತಮ್ಮ ಹೋಸ್‌ಪೈಪು ಸಿಕ್ಕಿಸಿಕೊಳ್ಳಲು ಒಂದೊಂದು ಮೆಟ್ಟಿಲುಗೂಡಿನಲ್ಲೂ ಬುಡದಿಂದ ತುದಿಯವರೆಗೆ ದಪ್ಪ ಪೈಪು ನಿಲ್ಲಿಸಬೇಕು. ಅದಕ್ಕೆ ಸ್ಟ್ಯಾಂಡ್‌ಪೈಪ್ ಎಂದು ಹೆಸರು. ಅದಕ್ಕೆಷ್ಟು ನೀರು ಬೇಕೆಂದು ಹೇಳುವುದು ಲೋವೆಲ್‌ನ ಹೊಟ್ಟೆಪಾಡು. ಮೊದಲ ಪೈಪಿಗೆ ನಿಮಿಷಕ್ಕೆ ಐನೂರು ಗ್ಯಾಲನ್, ಆಮೇಲಿನ ಒಂದೊಂದಕ್ಕೂ ಇನ್ನೂರೈವತ್ತು. ಮೆಟ್ಟಿಲುಗೂಡು ಎರಡು. ಅಲ್ಲಿಗೆ ಏಳುನೂರೈವತ್ತು. ಮನೆಮನೆಯ ಸೂರಿನಲ್ಲೂ ಬೆಂಕಿಯ ಕಾವಿಗೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇದ್ದರೆ ಅವುಗಳ ನೀರನ್ನು ಬೇರೆ ಕೂಡಿಸಬೇಕಿಲ್ಲ, ಅದೂ ಇದರಲ್ಲೇ ಬಂತು. ಅಷ್ಟು ನೀರನ್ನು ಬೀದಿಯಡಿಯ ಕೊಳವೆಯೇ ಕಟ್ಟಡದ ಪಂಪಿಗೆ ಒದಗಿಸುತ್ತಿತ್ತು.

ಈ ಲೆಕ್ಕದ ಹಾಳೆಗೆ ಸಂಜೆಯೊಳಗೆ ನಗರದ ಅಗ್ನಿಶಾಮಕ ಕಚೇರಿಯ ಮುದ್ರೆ ಬಿದ್ದರೆ ಲೋವೆಲ್‌ಗೆ ಒಂದು ವಾರ ರಜೆ. ಮೂರು ವರ್ಷದಲ್ಲಿ ಮೊದಲ ರಜೆ. ಹೆಂಡತಿ ಇರ್ಮಾ ಉತ್ತರದ ಸರೋವರಕ್ಕೆ ಹೊರಡಲು ಗಂಟುಮೂಟೆ ಕಟ್ಟಿ ಕೂತಿದ್ದಳು. ಮುದ್ರೆ ಬೀಳದಿದ್ದರೆ ರಜೆಯಿಲ್ಲವೆಂದು ಕಂಪನಿಯ ಒಡತಿ ಮಾರ್ಲೀನ್ ಹ್ಯೂಬ್ನರ್ ಮೊದಲೇ ಹೇಳಿದ್ದಳು.

ಬೆಳಗಿನ ಕಾಫಿ ಲೋಟ ಹಿಡಿದು ಮಾರ್ಲೀನ್ ಹಾಳೆಯ ಮೇಲೆ ಬಗ್ಗಿದಳು. "ಏಳುನೂರೈವತ್ತಾ? ನೋಡೋಕೆ ಒಂಥರಾ ಬೋಳುಬೋಳು. ಒಂದೈವತ್ತು ಹಾಕಿ ಎಂಟುನೂರು ಮಾಡಪ್ಪ. ಗುಂಡಗಿರುತ್ತೆ."

ಲೋವೆಲ್‌ಗೆ ಮಾತು ಕಮ್ಮಿ. ಒಳಗೆ ಉತ್ತರ ಸಿದ್ಧವಾಗಿ, ಗಂಟಲಿಗೆ ಬಂದು, ಅಲ್ಲಿ ಬಾಡಿಗೆದಾರನ ಹಾಗೆ ಉಳಿದುಬಿಡುತ್ತಿತ್ತು. ಅವನು ಸುಮ್ಮನೆ ಕಿಟಕಿಯ ಕಡೆ ನೋಡಿದ. ಮೌನ ಸಮ್ಮತಿಯಾಯಿತು.

ಪಕ್ಕದ ಮೇಜಿನ ಡ್ವೇನ್ ಕುರ್ಚಿ ಉರುಳಿಸಿಕೊಂಡು ಬಂದ. "ಲೋವೆಲ್, ನೆಲಮಾಳಿಗೇಲಿ ಕಾರು ನಿಲ್ಲಿಸ್ತಾರಲ್ಲೋ! ಅಲ್ಲಿ ಸ್ಪ್ರಿಂಕ್ಲರ್ ಇಲ್ವಾ? ಅದರ ನೀರು ಯಾರಪ್ಪ ತರ್ತಾನೆ?"

"ಅದು ಇದರಲ್ಲೇ..." ಎಂದ ಲೋವೆಲ್.

"ಇದರಲ್ಲೇ ಅಂತೆ! ಒಂದು ನೂರು ಹಾಕು ಮಾರಾಯ. ನೀರೇನು ನಿಮ್ಮಜ್ಜಿ ಮನೇದಾ?"

ಅಷ್ಟರಲ್ಲಿ ಕಟ್ಟಡಕ್ಕೆ ವಿಮೆ ಕೊಡುವ ಕ್ಲಾರೆನ್ಸ್ ಪೀಬಾಡಿ ಫೋನು ಮಾಡಿದ. ಲೋಕದಲ್ಲಿ ಎಲ್ಲವೂ ಉರಿಯುತ್ತದೆಂದು ನಂಬಿ ಬದುಕುತ್ತಿದ್ದ ಮನುಷ್ಯ. "ಒಂಬೈನೂರಾ? ಸರಿ, ಸರಿ. ಆದ್ರೆ ನನಗೆ ರಾತ್ರಿ ನಿದ್ದೆ ಬರಬೇಕಲ್ಲ ಲೋವೆಲ್. ನನ್ನ ನಿದ್ದೆಗೆ ಅಂತ ಒಂದು ನೂರು."

ಹೀಗೆ ಒಬ್ಬನ ನಿದ್ದೆ, ಒಬ್ಬನ ಅಜ್ಜಿ, ಒಬ್ಬಳ ಗುಂಡು ಸಂಖ್ಯೆ ಸೇರಿ ಊಟದ ಹೊತ್ತಿಗೆ ಸಾವಿರ ಗ್ಯಾಲನ್ ಆಯಿತು. ಅಷ್ಟು ನೀರು ಬೀದಿ ಕೊಳವೆಯ ಯೋಗ್ಯತೆಗೆ ಮೀರಿದ್ದು. ನೆಲಮಾಳಿಗೆಯ ಮೂಲೆಯಲ್ಲಿ ಒಂದು ದೊಡ್ಡ ಟ್ಯಾಂಕು ಕಟ್ಟಲೇಬೇಕಾಯಿತು.

ಸುದ್ದಿ ಮುಟ್ಟಿದ್ದೇ ವಾಸ್ತುಶಿಲ್ಪಿ ಪ್ರೆಸ್ಟನ್ ಗೇಲ್ ಫೋನಿನಲ್ಲಿ ಗುಡುಗಿದ. "ಏನ್ರೀ ಲೋವೆಲ್, ನಾನು ಮನೆ ಕಟ್ಟಿಸ್ತಿದೀನೋ ತಿಮಿಂಗಿಲ ಸಾಕ್ತಿದೀನೋ? ಆ ಮೂಲೇನ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಂಡಿದ್ದೆ. ನಿಜವಾಗ್ಲೂ ಸಾವಿರ ಬೇಕೇನ್ರೀ?"

ಲೋವೆಲ್ ಮಾರ್ಲೀನಳ ಕಡೆ ನೋಡಿದ. ಅವಳು ತಕ್ಷಣ ಸ್ಯಾಂಡ್‌ವಿಚ್ಚಿನೊಳಗೆ ಏನೋ ಹುಡುಕತೊಡಗಿದಳು. ಡ್ವೇನ್ ಅವಸರದಿಂದ ಕೈತೊಳೆಯಲು ಹೋದ. ಸಾವಿರದಲ್ಲಿ ಪಾಲಿದ್ದವರಿಗೆ ಬೈಗುಳದಲ್ಲಿ ಪಾಲು ಬೇಡವಾಗಿತ್ತು.

ಅವತ್ತು ಲೋವೆಲ್‌ನ ಗಂಟಲಿನ ಬಾಡಿಗೆದಾರ ಎದ್ದು ನಿಂತ. ಯಾರಿಗೂ ಹೇಳದೆ ಅವನು ಏಳುನೂರೈವತ್ತು ಬರೆದಿದ್ದ ಬೆಳಗಿನ ಹಾಳೆಯನ್ನೇ ಸುರುಳಿ ಸುತ್ತಿ ಅಗ್ನಿಶಾಮಕ ಕಚೇರಿಗೆ ನಡೆದ.

ನಕ್ಷೆಗಳನ್ನು ಪರೀಕ್ಷಿಸುವ ಕ್ಯಾಪ್ಟನ್ ಓಟಿಸ್ ಬ್ರಾಂಟ್‌ನ ಮೀಸೆ ಕಂಡರೆ ಗುತ್ತಿಗೆದಾರರು ದಾರಿ ಬದಲಿಸುತ್ತಿದ್ದರು. ಅವನು ಹಾಳೆಯನ್ನು ತುಂಬ ಹೊತ್ತು ನೋಡಿದ.

"ಸ್ಪ್ರಿಂಕ್ಲರ್ ನೀರು ಯಾಕ್ರೀ ಕೂಡಿಸಿಲ್ಲ?"

"ಕೂಡಿಸ್ಬೇಕಾಗಿಲ್ಲ, ಕ್ಯಾಪ್ಟನ್. ಕಟ್ಟಡ ಪೂರ್ತಿ ಸ್ಪ್ರಿಂಕ್ಲರ್ ಇದೆ. ಎರಡರಲ್ಲಿ ಯಾವುದು ದೊಡ್ಡದೋ ಅದು ಸಾಕು." ಆ ವರ್ಷ ಲೋವೆಲ್ ಒಂದೇ ಉಸಿರಿನಲ್ಲಿ ಆಡಿದ ಅತಿ ಉದ್ದದ ಮಾತು ಅದು.

ಕ್ಯಾಪ್ಟನ್ ಮೀಸೆಯಡಿ ನಕ್ಕ. "ಬಂದೋರೆಲ್ಲ ಹೆದರಿಕೇನ ಗ್ಯಾಲನ್ ಲೆಕ್ಕದಲ್ಲಿ ಬರ್ಕೊಂಡು ಬರ್ತಾರೆ. ನೀವೊಬ್ರು ನೀರನ್ನ ಬರೆದಿದೀರಿ ನೋಡಿ." ಧಡ್ ಎಂದು ಮುದ್ರೆ ಬಿತ್ತು.

ಲೋವೆಲ್ ತೇಲುತ್ತಾ ಹಿಂದಿರುಗಿದ. ದಾರಿಯಲ್ಲೇ ಪ್ರೆಸ್ಟನ್‌ಗೆ ಟ್ಯಾಂಕು ಬೇಡವೆಂದು ತಿಳಿಸಿದ. ಇರ್ಮಾಗೆ ಕಾರು ಹೊರಗೆ ತೆಗೆಯಲು ಹೇಳಿದ. ಕಚೇರಿಯಲ್ಲಿ ಮುದ್ರೆ ನೋಡಿ ಎಲ್ಲರೂ ಬೆಪ್ಪಾದರು. ಮಾರ್ಲೀನ್ ಸೋತ ಮುಖದಲ್ಲೇ, "ಆಯ್ತು ಹೋಗಪ್ಪ, ನನಗೂ ಎರಡು ಮೀನು ತಾ," ಎಂದಳು.

ಅವನು ಕೋಟಿನ ಒಂದು ತೋಳು ಹಾಕಿಕೊಂಡಿದ್ದ. ಫೋನು ಬಂತು. ಪ್ರೆಸ್ಟನ್.

"ಲೋವೆಲ್, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಕಣ್ರೀ! ಆ ಮೂಲೆ ಉಳೀತಲ್ಲ, ಮಾಲೀಕರು ಕುಣೀತಿದಾರೆ. ನದಿ ಕಡೆ ಇನ್ನೊಂದು ಸಾಲು ಮನೆ ಕಟ್ಟೋಕೆ ಅವರಿಗೆ ಬಹಳ ದಿನದಿಂದ ಆಸೆ. ಅದಕ್ಕೆ ಮೆಟ್ಟಿಲು ಇಳಿಸೋಕೆ ಇದ್ದಿದ್ದು ಅದೊಂದೇ ಮೂಲೆ, ನಿಮ್ಮ ನೀರಿನ ಲೆಕ್ಕ ತೀರ್ಮಾನ ಆಗ್ಲಿ ಅಂತ ಕಾಯ್ತಿದ್ವಿ, ಅಷ್ಟೆ. ಈಗ ನಕ್ಷೇಲಿ ಆ ಮೂಲೇಗೆ ಮೂರನೇ ಮೆಟ್ಟಿಲುಗೂಡು ಇಳಿಸಿಬಿಟ್ಟೆ. ಅವರ ಸಹಿನೂ ಆಗೋಯ್ತು."

ಲೋವೆಲ್‌ನ ಇನ್ನೊಂದು ತೋಳು ಗಾಳಿಯಲ್ಲೇ ನಿಂತಿತು. ಮೂರು ಮೆಟ್ಟಿಲುಗೂಡು, ಮೂರು ಪೈಪು. ಐನೂರು, ಇನ್ನೂರೈವತ್ತು, ಮತ್ತೊಂದು ಇನ್ನೂರೈವತ್ತು.

"ಪ್ರೆಸ್ಟನ್," ಎಂದ ಅವನು ಮೆಲ್ಲಗೆ, "ಈಗ ನಿಜವಾಗ್ಲೂ ಸಾವಿರ ಬೇಕು. ಟ್ಯಾಂಕೂ ಬೇಕು."

"ಟ್ಯಾಂಕಾ? ಎಲ್ರೀ ಇಡ್ತೀರಿ? ಅಲ್ಲೀಗ ಮೆಟ್ಟಿಲಿದೆಯಲ್ಲ!"

ಸಾವಿರವೆಂಬ ಮಾತು ಡ್ವೇನ್‌ನ ಕಿವಿಗೆ ಬಿದ್ದಿತ್ತು. "ಬೆಳಗ್ಗೆಯಿಂದ ಬಡ್ಕೊಂಡ್ವಿ. ಕೇಳಿದ್ನಾ ಇವ್ನು?" ಎಂದು ಅವನು ಗೋಡೆಗೆ ಹೇಳಿದ.

ಮಾರ್ಲೀನ್ ಮುದ್ರೆ ಬಿದ್ದ ಹಾಳೆಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು. ಲೋವೆಲ್‌ನ ಕೋಟನ್ನು ತಾಯಿಯ ಅಕ್ಕರೆಯಿಂದ ಬಿಚ್ಚಿ ಗೂಟಕ್ಕೆ ತೂಗುಹಾಕಿದಳು.

"ಇರ್ಮಾಗೆ ನಾನೇ ಹೇಳ್ತೀನಿ ಬಿಡು. ನೀನು ಕೂತ್ಕೊಂಡು ಮೊದಲಿಂದ ಲೆಕ್ಕ ಹಾಕು. ಮತ್ತೆ ನೋಡಪ್ಪ, ಈ ಸಲ ಯಾತಕ್ಕೂ ಇರ್ಲಿ ಅಂತ, ಒಂದೈವತ್ತು ಜಾಸ್ತಿ ಹಾಕಿರು."