ಎರವಲು ಕೊಡಲಾಗದ ಪಿಸ್ತೂಲು

ಕರಬಸಪ್ಪ ಪಿಸ್ತೂಲು ಕೊಳ್ಳುವ ಮನಸ್ಸು ಮಾಡಿದ್ದಕ್ಕೆ ಮೂಲ ಕಾರಣ ಒಂದು ಏಣಿ.

ಏಣಿ ಅವನದೇ. ಅವನ ಅಪ್ಪ ಮಾಡಿಸಿದ ಗಟ್ಟಿ ಬಿದಿರಿನ ಏಣಿ. ಒಂದು ದಿನ ಮಂಗಗಳು ಹಾರಾಡಿ ಮನೆಯ ಹಂಚು ಒಡೆದವು. ಹತ್ತಿ ನೋಡೋಣವೆಂದರೆ ಏಣಿ ಮನೆಯಲ್ಲಿರಲಿಲ್ಲ. ಅದನ್ನು ಚೌಡಪ್ಪ ಒಯ್ದಿದ್ದ. ಅಲ್ಲಿಂದ ಅದು ಗಾಡಿ ಹತ್ತಿ ಹಿರೇಕೆರೂರಿನಲ್ಲಿದ್ದ ಅವನ ಬೀಗರ ಮನೆಗೆ ಹೋಗಿತ್ತು. ಬೀಗರು ಮುಂದೆ ಯಾರಿಗೆ ಕೊಟ್ಟರೆಂಬುದು ಬೀಗರಿಗೇ ನೆನಪಿರಲಿಲ್ಲ. ಕೊನೆಗೆ ಕರಬಸಪ್ಪ ಎದುರು ಮನೆಗೆ ಹೋಗಿ ಏಣಿ ಕೇಳಿದ. ಆ ಮನೆಯಾಕೆ ಅವನನ್ನು ವಿಚಿತ್ರವಾಗಿ ನೋಡಿ, "ನಮ್ಮನ್ಯಾಗ ಏಣಿ ಎಲ್ಲೈತ್ರಿ? ಬೇಕಂದಾಗ ನಿಮ್ದ ಇಸ್ಕೊಂಡು ಬರ್ತೇವಲ್ಲ" ಎಂದಳು.

ಹಾನಗಲ್ಲಿನ ಅಂಚಿನ ಆ ಓಣಿಯಲ್ಲಿ ಕೇಳಿ ಬಂದವರಿಗೆ ಇಲ್ಲ ಎನ್ನುವುದು ಮಾನವಂತರ ಲಕ್ಷಣವಾಗಿರಲಿಲ್ಲ. ಒಯ್ದವರಿಗೂ ಒಂದು ರಿವಾಜಿತ್ತು. ಎರವಲು ತಂದದ್ದನ್ನು ಬರಿದಾಗಿ ತಿರುಗಿ ಕೊಡಬಾರದು. ಕೊಪ್ಪರಿಗೆ ಹೋದರೆ ತಳದಲ್ಲಿ ಹಿಡಿ ಬೆಲ್ಲ ಹೊತ್ತು ಬರುತ್ತಿತ್ತು. ಸೈಕಲ್ಲಿನ ಗಾಲಿ ಪಂಕ್ಚರಾಗಿದ್ದರೂ ಹಿಡಿಕೆಗೆ ಬಾಳೆಹಣ್ಣು ತೂಗುತ್ತಿದ್ದವು. ಕರಬಸಪ್ಪನ ಹೆಂಡತಿ ಶೇಖವ್ವ ತಿರುಗಿ ಬಂದ ವಸ್ತುವನ್ನು ಬಾಗಿಲಲ್ಲೇ ಹಿಡಿದು, ಹಿಂದೆ ಮುಂದೆ ಹೊರಳಿಸಿ, ಎಲ್ಲಾದರೂ ನಗ್ಗಿದೆಯೇ ಬಿರುಕು ಬಿಟ್ಟಿದೆಯೇ ಎಂದು ನೋಡಿ ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಎಂದಿಗೂ ಎರವಲು ಹೋಗದೆ ಉಳಿದದ್ದು ಎಂದರೆ ಕರಬಸಪ್ಪ ಒಬ್ಬನೇ.

ಕರಬಸಪ್ಪನದು ಅವಲಕ್ಕಿ ಭಟ್ಟಿ. ಅವಲಕ್ಕಿ ಮಾರಲು ಸವಣೂರಿನ ಸಂತೆಗೆ ಹೋಗಿಬರುವುದು ರೂಢಿ. ಚೀನಾ ಯುದ್ಧದ ಮರುವರ್ಷ ಗುಂಡು ಹಾರಿಸುವುದನ್ನು ಕಲಿಯಬೇಕೆಂಬ ಹುಮ್ಮಸ್ಸು ಎಲ್ಲ ಕಡೆ ಎದ್ದಿತ್ತು. ಸವಣೂರಿನಲ್ಲೂ ಒಂದು ಗುರಿಕಾರರ ಸಂಘ ಹುಟ್ಟಿತ್ತು. ಮೈದಾನದ ಅಂಚಿನಲ್ಲಿ ಬಾಯಿ ತೆರೆದು ನಿಂತಿದ್ದ ಕರಬಸಪ್ಪನನ್ನು ಸಂಘದ ಉಸ್ತಾದ ಕುತುಬುದ್ದೀನ ಹತ್ತಿರ ಕರೆದು ಕೈಗೊಂದು ಪಿಸ್ತೂಲು ಕೊಟ್ಟ. ಕುತುಬುದ್ದೀನನಿಗೆ ಪೇಟೆಯಲ್ಲಿ ಬಂದೂಕಿನ ಅಂಗಡಿ. ಕರಬಸಪ್ಪ ಉಸಿರು ಹಿಡಿದು ಬೆರಳು ಮಡಿಸಿದ. ದೂರದ ಕಾಗದದಲ್ಲಿ, ಕರಿ ಬೊಟ್ಟಿನ ನಟ್ಟನಡುವೆ ತೂತು ಬಿತ್ತು.

"ಶಾಬಾಸ್" ಎಂದ ಕುತುಬುದ್ದೀನ.

ಆ ಮಾತು ಕರಬಸಪ್ಪನಿಗೆ ಅವನ ಮದುವೆಯ ದಿನವೂ ಯಾರೂ ಅಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಉಸಿರು ಹಿಡಿದ ಆ ಒಂದು ಗಳಿಗೆ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಆ ಸುಖ ಅವನಿಗೆ ಹೊಸದು. ಅಲ್ಲಿಂದ ಮುಂದೆ ಸಂತೆಗೆ ಹೋದಾಗಲೆಲ್ಲ ಅವನು ಮೈದಾನಕ್ಕೆ ಹೋಗತೊಡಗಿದ.

"ನಿಮ್ದ ಅಂತ ಒಂದು ತಗೊಂಡ್ರ ಪಂದ್ಯಕ್ಕ ನಿಲ್ಲಬಹುದು" ಎಂದು ಕುತುಬುದ್ದೀನ ಒಂದು ದಿನ ಹೇಳಿದ. "ಆದ್ರ ಕಾನೂನು ನೆನಪಿರ್ಲಿ. ಲೈಸನ್ಸು ಯಾರ ಹೆಸರಿಗೆ ಐತಿ, ಅವರ ಕೈ ಬಿಟ್ಟು ಪಿಸ್ತೂಲು ಇನ್ನೊಬ್ಬರ ಕೈಗೆ ಹೋಗಂಗಿಲ್ಲ. ಖಾಸ ಅಣ್ಣತಮ್ಮಗ ಆದ್ರೂ ಕೊಡಂಗಿಲ್ಲ."

"ಇನ್ನೊಮ್ಮೆ ಹೇಳ್ರಿ" ಎಂದ ಕರಬಸಪ್ಪ.

ಕುತುಬುದ್ದೀನ ಇನ್ನೊಮ್ಮೆ ಹೇಳಿದ. ಕರಬಸಪ್ಪನ ಕಣ್ಣು ತುಂಬಿ ಬಂದವು. ಧಾರವಾಡಕ್ಕೆ ಅಲೆದು, ಸಾಹೇಬರ ಬಾಗಿಲಲ್ಲಿ ಕೂತು, ಚಪ್ಪಲಿ ಸವೆಸಿ ಅಂತೂ ಲೈಸನ್ಸು ಸಂಪಾದಿಸಿದ.

ಸಂಘದ ಪಂದ್ಯ ಭಾನುವಾರ. ಶನಿವಾರ ಬೆಳಿಗ್ಗೆ ಅವನು ಪಿಸ್ತೂಲು ತರಲು ಹೊರಟ. ಸುದ್ದಿಯನ್ನು ಶೇಖವ್ವನಿಗೆ ಮಾತ್ರ ಹೇಳಿದ್ದ. ಯಾರಿಗೂ ಹೇಳಬೇಡವೆಂದೂ ಹೇಳಿದ್ದ. ಆಕೆ ಆ ಮಾತನ್ನೂ ಸೇರಿಸಿಯೇ ಓಣಿಗೆ ಹೇಳಿದ್ದಳು. ಹೀಗಾಗಿ ಶಿಗ್ಗಾವಿ ಮೇಲೆ ಸವಣೂರಿಗೆ ಹೋಗುವ ಬಸ್ಸಿನಲ್ಲಿ ಗುಡ್ಡಪ್ಪ ಮತ್ತು ಚೌಡಪ್ಪ ಅವನಿಗೂ ಜಾಗ ಹಿಡಿದು ಕೂತಿದ್ದರು. ಗುಡ್ಡಪ್ಪ ಹಿರಿಯ, ಕರಬಸಪ್ಪನ ಹಿತ್ತಲಿಗೆ ಹೊಂದಿದ ಮಾವಿನ ತೋಟದ ಒಡೆಯ. ಚೌಡಪ್ಪ ಕಬ್ಬು ಬೆಳೆಯುವವ. ಏಣಿ ಒಯ್ದವನೂ ಅವನೇ.

"ಬಾ ತಮ್ಮಾ, ಕುಂಡ್ರು" ಎಂದ ಗುಡ್ಡಪ್ಪ. "ಹೆಣ್ಣು ನೋಡಾಕ, ಎತ್ತು ತರಾಕ ಒಬ್ಬನ ಹೋಗಬಾರ್ದು. ಪಿಸ್ತೂಲೂ ಹಂಗ."

"ನಾ ಗುರಿ ಹೊಡಿಯಾಕ ಸಣ್ಣದೊಂದು ತರ್ಬೇಕಂತ ಮಾಡೇನ್ರಿ."

"ಸಣ್ಣದು ಯಾಕ? ಸಪ್ಪಳ ನೋಡಿ ತಗೋಬೇಕು. ಹೊಡದ್ರ ಗುಡುಗಿದಂಗ ಆಗಬೇಕು. ಮಂಗ್ಯಾಗೋಳು ಈ ವರ್ಷ ನನ್ನ ತ್ವಾಟ ಅರ್ಧ ತಿಂದಾವು. ಡಬ್ಬಿ ಬಾರಿಸಿದ್ರ ಕುಂತು ಕೇಳ್ತಾವು."

ಚೌಡಪ್ಪ ಒಪ್ಪಲಿಲ್ಲ. "ಬರೇ ಸಪ್ಪಳದಿಂದ ಏನಾಕೈತ್ರಿ? ಗುಂಡು ದಪ್ಪ ಇರಬೇಕು. ಕಬ್ಬಿನ್ಯಾಗ ಹಂದಿ ಹೊಕ್ರ ಒಂದ ಏಟಿಗೆ ಮಲಗಬೇಕು. ಕರಬಸಣ್ಣಾ, ನೀವರ ಹೇಳ್ರಿ."

"ನಾ ಕಾಗದಕ್ಕ ಹೊಡಿಯೋದು" ಎಂದ ಕರಬಸಪ್ಪ.

"ಕಾಗದಕ್ಕ ತೂತು ಹಾಕಾಕ ಪಿಸ್ತೂಲು ಯಾಕ ಬೇಕು? ದಬ್ಬಳ ಸಾಲದೇನು?" ಎಂದು ಗುಡ್ಡಪ್ಪ ಬಸ್ಸಿಗೆಲ್ಲ ಕೇಳುವಂತೆ ಅಂದ. ಶಿಗ್ಗಾವಿ ಬರುವಷ್ಟರಲ್ಲಿ ಬಸ್ಸಿನಲ್ಲಿ ಎರಡು ಪಕ್ಷಗಳಾಗಿದ್ದವು, ಸಪ್ಪಳದವರು ಮತ್ತು ಗುಂಡಿನವರು. ಕಂಡಕ್ಟರ್ ಸಪ್ಪಳದ ಕಡೆ ಇದ್ದ. ಕರಬಸಪ್ಪನ ಕಡೆ ಯಾರೂ ಇರಲಿಲ್ಲ.

ಸವಣೂರಿನ ಅಂಗಡಿಯಲ್ಲಿ ಕುತುಬುದ್ದೀನ ಬಿಳಿ ಬಟ್ಟೆ ಹಾಸಿ ಮೂರು ಇಟ್ಟ. ಮೊದಲನೆಯದು ದೊಡ್ಡ ರಿವಾಲ್ವರು, ಕೈಗೆ ಒರಳುಗುಂಡಿನ ಭಾರ. ಗುಡ್ಡಪ್ಪ ಅದನ್ನು ಮಗಳಿಗೆ ಗಂಡು ನೋಡುವವನ ಹಾಗೆ ನೋಡಿದ. ಎರಡನೆಯದು ಪೊಲೀಸರ ಸೊಂಟದಲ್ಲಿರುವಂಥ ಕರಿಯದು. ಅದು ಚೌಡಪ್ಪನ ಮನಸ್ಸಿಗೆ ಬಂತು. ಮೂರನೆಯದು ನೀಳ ನಳಿಗೆಯದು, ಹಗುರ, ಕಟ್ಟಿಗೆಯ ಹಿಡಿ, ಒಂದು ಸಲಕ್ಕೆ ಒಂದೇ ಗುಂಡು.

"ಇದು ಮರಿ ಏನ್ರಿ?" ಎಂದ ಚೌಡಪ್ಪ. "ಮುಂದ ಬೆಳೀತೈತೇನು?"

"ಬೆಳ್ಯಂಗಿಲ್ರಿ" ಎಂದ ಕುತುಬುದ್ದೀನ ಗಂಭೀರವಾಗಿ. ಅವನು ತಮಾಷೆ ಮಾಡುವ ಮನುಷ್ಯನಲ್ಲ. "ಇದು ಇಪ್ಪತ್ತೆರಡರ ಬೋರು. ಗುರಿಕಾರನ ಪಿಸ್ತೂಲು. ದೊಡ್ಡವು ಹೊಡದಾಗ ಒದೀತಾವು. ಒದಿಯೋ ಎಮ್ಮಿ ಹಿಂಡಾಕ ಕುಂತವರ ಧ್ಯಾನ ಹಾಲಿನ ಮ್ಯಾಲೆ ಇರಂಗಿಲ್ಲ, ಕಾಲಿನ ಮ್ಯಾಲೆ ಇರತೈತಿ. ಇದು ಒದಿಯಂಗಿಲ್ಲ. ನಳಿಗಿ ಉದ್ದ ಐತಿ, ಕಣ್ಣಿಗೆ ಗುರಿ ನೆಟ್ಟಗ ಸಿಗತೈತಿ. ಗುಂಡೂ ಸೋವಿ, ಮನಸ್ಸು ತುಂಬ ರೂಢಿ ಮಾಡಬಹುದು. ಹಿಡಿ ನಿಮ್ಮ ಅಂಗೈಗೆ ಕುಂಡ್ರತೈತೇನು ನೋಡ್ರಿ ಕರಬಸಪ್ಪನವ್ರ."

ಕರಬಸಪ್ಪ ಕೈಗೆತ್ತಿಕೊಂಡ. ಅವನ ಅಳತೆಗೇ ಕೆತ್ತಿದಂತಿತ್ತು. ಆದರೂ ಅವನಿಗೆ ಖಾತ್ರಿ ಮಾಡಿಕೊಳ್ಳಬೇಕಿತ್ತು.

"ಇದರಲೇ ಹಂದಿ ಸಾಯತೈತೇನ್ರಿ?"

"ಸಿಟ್ಟಿಗೇಳತೈತಿ."

"ಇದರ ಸಪ್ಪಳ ಎಷ್ಟ್ರಿ?"

"ಕಟಗಿ ಮುರದಷ್ಟು."

"ಮದುವಿ ಮೆರವಣಿಗ್ಯಾಗ ಹಾರಸಾಕ?"

"ಬಾಜಾ ಮುಂದ ಯಾರಿಗೂ ಕೇಳಂಗಿಲ್ಲ."

"ಅಂದ್ರ ಕಾಗದಕ್ಕ ಹೊಡಿಯೋದು ಬಿಟ್ರ ಮತ್ಯಾವುದಕ್ಕೂ ಬರಂಗಿಲ್ಲ ಅಂತೀರಿ."

ಮಾರುವವನ ಬಾಯಿಂದ ಇಂಥ ಮಾತು ಹೊರಡುವುದು ಕಷ್ಟ. ಆದರೂ ಕುತುಬುದ್ದೀನ ಸತ್ಯವಂತ. "ಯಾವುದಕ್ಕೂ ಬರಂಗಿಲ್ರಿ" ಎಂದ.

"ಇದನ್ನ ಕೊಡ್ರಿ" ಎಂದ ಕರಬಸಪ್ಪ.

ಕುತುಬುದ್ದೀನ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತ, ಸಣ್ಣದೆಂದು ಹಗುರ ತಿಳಿಯಬೇಡಿ, ಮನುಷ್ಯರ ಕಡೆ ಎಂದೂ ತಿರುಗಿಸಬೇಡಿ ಎಂದು ಹೇಳಿದ. ಕೈ ಪಳಗಲೆಂದು ಒಂದಿಷ್ಟು ಗುಂಡು ಕೊಟ್ಟು, "ನಾಳೆ ಬರ್ರಿ. ನೀವು ಗೆದ್ರ ನನಗ ಆಶ್ಚರ್ಯ ಆಗಂಗಿಲ್ಲ" ಎಂದ.

ಹಿಂದಿರುಗುವ ಬಸ್ಸಿನಲ್ಲಿ ಗುಡ್ಡಪ್ಪನೂ ಚೌಡಪ್ಪನೂ ಬೇರೆ ಕೂತರು. ಹಾನಗಲ್ಲಿನಲ್ಲಿ ಇಳಿದಾಗ ಓಣಿಯ ಅರ್ಧ ಜನ ಕಾದಿದ್ದರು. ಗುಡ್ಡಪ್ಪ, "ಹುಲಿ ತರ್ತಾನ ಅಂದ್ರ ಹಲ್ಲಿ ತಂದಾನ" ಎಂದು ಒಂದೇ ಮಾತಿನಲ್ಲಿ ವರದಿ ಒಪ್ಪಿಸಿ ಮನೆಗೆ ಹೋದ. ಆದರೂ ಒಬ್ಬೊಬ್ಬರಾಗಿ ಕೈ ಚಾಚಿದರು. ಒಂದು ಸಲ ಕೊಡ್ರಿ, ನೋಡಿ ಕೊಡ್ತೇನಿ. ಮನಿಗೆ ಒಯ್ದು ತೋರಿಸಿ ತರ್ತೇನಿ.

"ಕೊಡಂಗಿಲ್ರಿ. ಕಾನೂನು" ಎಂದ ಕರಬಸಪ್ಪ.

ಬಾಳಿನಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಬಂದಿತ್ತು. ಆಕಾಶ ಕಳಚಿ ಬೀಳಲಿಲ್ಲ. ಚಾಚಿದ ಕೈಗಳು ಸುಮ್ಮನೆ ಹಿಂದಕ್ಕೆ ಹೋದವು. ಅವನು ಮನೆಯ ತನಕ ಎದೆ ಎತ್ತಿ ನಡೆದ.

ಶೇಖವ್ವ ಪಿಸ್ತೂಲಿನ ಹಿಡಿಗೆ ಕುಂಕುಮ ಹಚ್ಚಿದಳು. ಹೊತ್ತು ಮುಳುಗಲು ಇನ್ನೂ ತಡವಿತ್ತು. ಕರಬಸಪ್ಪ ಹಿತ್ತಲಿನ ಮಣ್ಣಿನ ಒಡ್ಡಿಗೆ ಕರಿ ಬೊಟ್ಟಿನ ಕಾಗದ ಸಿಕ್ಕಿಸಿ, ಹೆಂಡತಿಯನ್ನು ಬೆನ್ನ ಹಿಂದೆ ನಿಲ್ಲಿಸಿ, ಉಸಿರು ಹಿಡಿದು ಬೆರಳು ಮಡಿಸಿದ. ಕಟಗಿ ಮುರಿದಂತೆ ಲಟ್ಟೆಂದಿತು. ಬೊಟ್ಟಿನ ನಡುವೆ ತೂತು.

ಮರುಗಳಿಗೆ ಗೋಡೆಯಾಚೆ ಗುಡ್ಡಪ್ಪನ ಮಾವಿನ ಮರಗಳೆಲ್ಲ ಒಮ್ಮೆಲೆ ಅಲ್ಲಾಡಿದವು. ಗಂಡು, ಹೆಣ್ಣು, ಹೊಟ್ಟೆಗೆ ಅಂಟಿದ ಮರಿ, ಇಡೀ ಮಂಗಗಳ ಹಿಂಡು ಮರದಿಂದ ಮರಕ್ಕೆ ಹಾರಿ ಕೆರೆಯ ಆಚೆಗೆ ಕಾಣೆಯಾಯಿತು. ಆಮೇಲೆ ತೋಟ ನಿಶ್ಶಬ್ದವಾಯಿತು.

"ಶಾಬಾಸ್" ಎಂದಿತು ಒಂದು ದನಿ.

ಕರಬಸಪ್ಪ ತಲೆ ಎತ್ತಿ ನೋಡಿದ. ಗೋಡೆಯ ಮೇಲೆ ಗುಡ್ಡಪ್ಪನ ಮುಖ ಮೂಡಿತ್ತು. ಅವನು ಏಣಿಯ ಮೇಲೆ ನಿಂತಿದ್ದ. ಗೋಡೆಗಿಂತ ಮೇಲೆ ಎದ್ದಿದ್ದ ಅದರ ತುದಿ ನೋಡಿಯೇ ಕರಬಸಪ್ಪ ಗುರುತು ಹಿಡಿದ. ಅದು ಅವನ ಅಪ್ಪನ ಏಣಿ.

"ನಿನ್ನ ಪಿಸ್ತೂಲಿಗೆ ಹಲ್ಲಿ ಅಂದೆ, ತಪ್ಪಾತು ತಮ್ಮಾ" ಎಂದ ಗುಡ್ಡಪ್ಪ. ಅವನ ದನಿ ಕರಗಿತ್ತು. "ನೀ ಶಾಣ್ಯಾ. ಮಂಗ್ಯಾ ಗುಡುಗಿಗೆ ಅಂಜಂಗಿಲ್ಲ, ಡಬ್ಬಿಗೆ ಅಂಜಂಗಿಲ್ಲ. ತಾ ಕುಂತ ಟೊಂಗಿ ಮುರಿಯೋ ಸಪ್ಪಳಕ್ಕ ಅಂಜತೈತಿ. ನನ್ನ ಮಾತು ಕೇಳಿ ದೊಡ್ಡದು ತಂದಿದ್ರ ಎತ್ತು ಕಣ್ಣಿ ಹರಕೊಂಡು ಹೋಗ್ತಿದ್ದವು, ಮಂಗ್ಯಾ ಅಲ್ಲೇ ಕುಂಡ್ರತಿದ್ದವು. ನಾಳಿಗೆ ಒಂದಿನ..."

"ಪಿಸ್ತೂಲು ಕೊಡಾಕ ಬರಂಗಿಲ್ರಿ ಗುಡ್ಡಪ್ಪಣ್ಣಾ" ಎಂದು ಕರಬಸಪ್ಪ ಅವಸರದಿಂದ ಹೇಳಿದ. "ಕಾನೂನು. ನನ್ನ ಕೈ ಬಿಟ್ಟು ಹೋಗಂಗಿಲ್ಲ."

"ಪಿಸ್ತೂಲು ಯಾರು ಕೇಳ್ಯಾರ?" ಎಂದ ಗುಡ್ಡಪ್ಪ. "ಅದು ನಿನ್ನ ಕೈಯಾಗ ಇರ್ಲಿ. ನೀ ಬಾ."

ಕರಬಸಪ್ಪ ಪಿಸ್ತೂಲನ್ನು ಎದೆಗೆ ಅವುಚಿಕೊಂಡ.

"ನನ್ನ ಲೈಸನ್ಸು ಗುರಿ ಹೊಡಿಯಾಕ ಅಷ್ಟ ಐತ್ರಿ."

"ಮಂಗ್ಯಾಗ ಹೊಡಿ ಅಂತ ನಾ ಅಂತೇನೇನು? ಹನುಮಪ್ಪನ ಜೀವ. ನಿನ್ನ ಕಾಗದ ತಂದು ನನ್ನ ಗಿಡಕ್ಕ ಹಚ್ಚು. ಮುಂಜಾನಿಂದ ಸಂಜಿತನಕ ಹೊಡಿ. ಗುರೀನ ಆತಲ್ಲ."

"ನಾಳೆ ಪಂದ್ಯ ಐತ್ರಿ" ಎಂದ ಕರಬಸಪ್ಪ. ಅವನ ದನಿ ಸಣ್ಣಗಾಗಿತ್ತು.

"ಪಂದ್ಯ ಮುಂದಿನ ವರ್ಷನೂ ಬರತೈತಿ. ನಾಡದು ಮಾವಿನ ದಲಾಲ ಬರಾಂವ ಅದಾನ. ಅಲ್ಲಿತನಕ ಕಾಯಿ ಗಿಡದಾಗ ಉಳದ್ರ ಮಗಳ ಮದುವಿ ಆತು, ಇಲ್ಲಂದ್ರ ಇಲ್ಲ. ನಿನ್ನ ಮನಿ ಬಾಗಿಲಿಗೆ ಬಂದವರು ಯಾರೂ ಬರಿಗೈಲೆ ಹೋಗಿಲ್ಲ ತಮ್ಮಾ."

ಕರಬಸಪ್ಪ ಇಲ್ಲ ಎನ್ನಲು ಬಾಯಿ ತೆರೆದ. ಪಿಸ್ತೂಲಿಗೆ ಇಲ್ಲ ಎನ್ನಲು ಸರ್ಕಾರದ ಆಧಾರವಿತ್ತು. ಪಿಸ್ತೂಲಿನ ಮಾಲಕನನ್ನು ಎರವಲು ಕೊಡಬಾರದೆಂದು ಯಾವ ಸರ್ಕಾರವೂ ಬರೆದಿರಲಿಲ್ಲ. ಅವನು ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿದ. ಆಮೇಲೆ, "ಎಷ್ಟೊತ್ತಿಗೆ ಬರ್ಲಿ?" ಎಂದ.

ಭಾನುವಾರ ದಿನವಿಡೀ ಕರಬಸಪ್ಪ ಮಾವಿನ ಮರದ ಬೊಡ್ಡೆಗೆ ಕಾಗದ ಹಚ್ಚಿ ಹೊಡೆದ. ಪಂದ್ಯದ ಹೊತ್ತಿಗೆ ಒಂದು ಸಲ ಸವಣೂರಿನ ದಿಕ್ಕಿಗೆ ಮುಖ ಮಾಡಿ ನಿಂತ. ಆಮೇಲೆ ತಿರುಗಿ ಹೊಡೆದ ಗುಂಡುಗಳೆಲ್ಲ ಬೊಟ್ಟಿನ ನಡುವೆಯೇ ಬಿದ್ದವು. ಅಷ್ಟು ಚೆನ್ನಾಗಿ ಅವನು ಹಿಂದೆ ಎಂದೂ ಹೊಡೆದಿರಲಿಲ್ಲ. ನೋಡುವವರು ಯಾರೂ ಇರಲಿಲ್ಲ, ಮಂಗಗಳೂ ಇರಲಿಲ್ಲ. ಅವನಿಗೆ ಬಹಳ ದುಃಖವಾಯಿತು.

ಸಂಜೆ ಗುಡ್ಡಪ್ಪ ಅವನನ್ನು ಗಾಡಿಯಲ್ಲಿ ಕೂರಿಸಿ ತಂದು ಮನೆಯ ಮುಂದೆ ಇಳಿಸಿದ. ಕರಬಸಪ್ಪನ ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು, ಇನ್ನೊಂದು ಕೈಯಲ್ಲಿ ಒಂದು ಚೀಲ ತುಂಬ ಮಾವಿನಕಾಯಿ.

"ತಗೋ ಶೇಖವ್ವಾ, ನಿನ್ನ ಗಂಡನ್ನ ತಂದು ಒಪ್ಪಿಸೇನಿ" ಎಂದ ಗುಡ್ಡಪ್ಪ. "ಬರಿದ ಕಳಸಬಾರ್ದು ಅಂತ ನಾಕು ಕಾಯಿ ಹಾಕೇನಿ."

ಶೇಖವ್ವ ಚೀಲ ಇಸಿದುಕೊಂಡಳು. ಕೈಗೆ ಹತ್ತಿದ ರೂಢಿ. ಗಂಡನ ಭುಜ ಹಿಡಿದು ಬಾಗಿಲಲ್ಲೇ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಮಾರಿ ತುಸು ಬಿಸಿಲಿಗೆ ಕಂದೈತಿ" ಎಂದಳು. "ಬಾಕಿ ನೆಟ್ಟಗ ಅದೀರಿ. ಜಳಕ ಮಾಡಿ ಲಗೂನ ಉಂಡು ಮಲಗ್ರಿ. ನಾಳಿಗೆ ಚೌಡಪ್ಪ ಕೇಳಿ ಹೋಗ್ಯಾನ. ಹಂದಿ ಸಾಯೋದೇನೂ ಬ್ಯಾಡಂತ, ಸಿಟ್ಟಿಗೆದ್ದು ಕಬ್ಬು ಬಿಟ್ಟು ಹೋದ್ರ ಸಾಕಂತ. ನಾಡದು ಅವನ ಹಿರೇಕೆರೂರ ಬೀಗರು ಗಾಡಿ ಕಳಸ್ತಾರ."

ಶೇಖವ್ವ ಮಾವಿನಕಾಯಿ ಎತ್ತಿಕೊಂಡು ಒಳಗೆ ಹೊರಟವಳು ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಬೀಗರು ಅಲ್ಲಿಂದ ಮುಂದ ಯಾರಿಗೆ ಕೊಡ್ತಾರೋ, ನೀವರ ನೆನಪಿಟ್ಟು ಹೇಳಿ ಕಳಸ್ರಿ" ಎಂದಳು. "ಏಣಿಯಂಗ ಆಗೋದು ಬ್ಯಾಡ."