ಹದಿನೇಳನೇ ಪುಟದ ಕುರಿ

ಹಗಲುಗನಸು ಕಾಣುವವರು ಗ್ರಂಥಾಲಯದ ಕೆಲಸಕ್ಕೆ ಸೇರಬಾರದು. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ತಾಲ್ಲೂಕು ಕಚೇರಿಯಂಥ ಕಡೆಯಾದರೆ ಮೇಜಿನೆದುರು ಜನ ನಿಂತು ಗದರುತ್ತಾರೆ, ಕನಸು ತಾನಾಗಿ ಹರಿದುಹೋಗುತ್ತದೆ. ಗ್ರಂಥಾಲಯದಲ್ಲಿ ಗೋಡೆಯ ಮೇಲೇ ‘ಸದ್ದು ಮಾಡಬೇಡಿ’ ಎಂದು ಬರೆದು ಹಾಕಿರುತ್ತಾರೆ. ಅಲ್ಲಿ ಎಚ್ಚರವಾಗಿರುವುದಕ್ಕೇ ಒಂದು ಪ್ರತಿಭೆ ಬೇಕು. ನನಗೆ ಅದು ಹುಟ್ಟಿನಿಂದಲೂ ಇಲ್ಲ. ಈ ಕೆಲಸದ ಸಂದರ್ಶನಕ್ಕೆಂದು ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದವಳು ಕಿಟಕಿಯಾಚೆ ಗುಡ್ಡಗಳನ್ನು ನೋಡುತ್ತ ಕೂತೆ. ಬಸ್ಸು ಚಿತ್ರದುರ್ಗ ಮುಟ್ಟಿದ್ದು, ಜನರನ್ನಿಳಿಸಿದ್ದು, ಬೇರೆ ಜನರನ್ನು ತುಂಬಿಕೊಂಡು ಹಿಂದಿರುಗಿದ್ದು ಯಾವುದೂ ನನಗೆ ತಿಳಿಯಲಿಲ್ಲ. ಕೊನೆಗೆ ಇಳಿದಾಗ, ದುರ್ಗವೂ ಥೇಟ್ ನಮ್ಮೂರಿನ ಹಾಗೇ ಇದೆಯಲ್ಲ ಎಂದುಕೊಂಡೆ. ಎದುರಿಗೆ ಅಮ್ಮ ತರಕಾರಿ ಚೀಲ ಹಿಡಿದು ನಿಂತಿದ್ದಳು. “ಏನೇ, ಇಷ್ಟು ಬೇಗ ಮುಗೀತಾ ಇಂಟರ್‌ವ್ಯೂ?” ಎಂದಳು. ಎರಡನೆಯ ಸಲ ಕರೆ ಬಂದಾಗ ಅಪ್ಪ ಜೊತೆಗೇ ಬಂದು ಕಚೇರಿಯ ಬಾಗಿಲವರೆಗೆ ಬಿಟ್ಟುಹೋದರು. ಹಾಗಾಗಿ ಕೆಲಸ ಸಿಕ್ಕಿತು.

ಎಪ್ಪತ್ತರ ದಶಕದ ಮಾತು. ಹೊಸದುರ್ಗ ಸೀಮೆಯ ಒಂದು ಊರಿನ ಪುಟ್ಟ ಗ್ರಂಥಾಲಯ ಅದು. ಸಿಬ್ಬಂದಿ ಎಂದರೆ ಇಬ್ಬರೇ, ಗ್ರಂಥಪಾಲಕರಾದ ರುದ್ರಪ್ಪನವರು ಮತ್ತು ಸಹಾಯಕಿಯಾದ ನಾನು. ರುದ್ರಪ್ಪನವರು ಬಹಳ ಒಳ್ಳೆಯ ಮನುಷ್ಯರು, ಆದರೆ ಪುಸ್ತಕವನ್ನು ಯಾರಾದರೂ ಮನೆಗೆ ಒಯ್ಯುತ್ತಾರೆಂದರೆ ಅವರ ಮುಖ ಸಣ್ಣಗಾಗುತ್ತಿತ್ತು. “ನಿಧಾನವಾಗಿ ಓದ್ರಿ, ಬೇಗ ತಂದುಬಿಡ್ರಿ,” ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಓದುಗರು ಈ ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ತಿಳಿಯದೆ, ಓದದೇ ತಂದುಬಿಡುತ್ತಿದ್ದರು.

ನನ್ನ ಮುಖ್ಯ ಕೆಲಸ ಸೀಲು ಹೊಡೆಯುವುದು. ಹೊಸ ಪುಸ್ತಕ ಬಂದರೆ ಮೂರು ಕಡೆ ಗ್ರಂಥಾಲಯದ ದುಂಡು ಮುದ್ರೆ ಬೀಳಬೇಕು. ಮೊದಲನೆಯ ಪುಟ, ಕೊನೆಯ ಪುಟ, ಮತ್ತೆ ಒಂದು ಗುಟ್ಟಿನ ಪುಟ. ಯಾರಾದರೂ ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಹರಿದು ಪುಸ್ತಕ ತನ್ನದೇ ಎಂದು ವಾದಿಸಿದರೆ, ಆ ಗುಟ್ಟಿನ ಪುಟ ತೆಗೆದು ತೋರಿಸಿ ಬಾಯಿ ಮುಚ್ಚಿಸಬಹುದು. ನಮ್ಮ ಗುಟ್ಟಿನ ಪುಟ ಹದಿನೇಳನೆಯದು. ನನ್ನ ಬೆರಳಿಗೆ ಹದಿನೇಳನೇ ಪುಟ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣು ಮುಚ್ಚಿಕೊಂಡೇ ತೆಗೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಹೆಚ್ಚಾಗಿ ಕಣ್ಣು ಮುಚ್ಚಿಕೊಂಡೇ ತೆಗೆಯುತ್ತಿದ್ದೆ. ಶಾಯಿಯ ದಿಂಡಿಗೊಂದು ಪೆಟ್ಟು, ಹಾಳೆಗೊಂದು ಪೆಟ್ಟು. ಆ ತಾಳಕ್ಕೆ ಮನಸ್ಸು ಎಲ್ಲಿಗೆ ಬೇಕಾದರೂ ಹೋಗಿಬರುತ್ತಿತ್ತು.

ಹೀಗಿರುವಾಗ ಊರಿನವರು ಸೇರಿ ಮೂರು ದಿನ ಪುಸ್ತಕದ ಹಬ್ಬ ಮಾಡುವುದೆಂದು ಗೊತ್ತಾಯಿತು. ಶಾಲೆಯ ಜಗಲಿಯ ಮೇಲೆ ಬೆಂಚುಗಳನ್ನು ಹಾಕಿ, ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಜನ ಮುಟ್ಟಿ ನೋಡುವ ಹಾಗೆ ಹರಡಬೇಕು. ‘ಮುಟ್ಟಿ’ ಎಂಬ ಮಾತು ಕೇಳಿ ರುದ್ರಪ್ಪನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೂ ಒಂದು ಒಳ್ಳೆಯ ಉಪಾಯ ಹೊಳೆದದ್ದೂ ಅವರಿಗೇ. “ನಮ್ಮ ಪುಸ್ತಕ ನೋಡಾಕೆ ಜನ ನಾಚ್ಕಂತಾರೆ ಗಿರಿಜಾ. ಅವರ ಮನೇದೇ ಒಂದೊಂದು ಪುಸ್ತಕ ತಂದಿಡ್ರಿ ಅನ್ನಾಣ. ತಮ್ಮದನ್ನ ನೋಡಾಕಾದ್ರೂ ಬರ್ತಾರೆ.” ಡಂಗುರ ಹೊಡೆಸಿದರು. ಜನ ಬಂದರು. ಹೊಗೆ ಹಿಡಿದ ಪಂಚಾಂಗಗಳು, ಬೆನ್ನು ಹರಿದ ಭಜನೆ ಪುಸ್ತಕಗಳು, ಒಬ್ಬರ ಮನೆಯಿಂದ ದಾರದಲ್ಲಿ ಪೋಣಿಸಿದ ಲಗ್ನಪತ್ರಿಕೆಗಳ ಒಂದು ಕಟ್ಟು. ಅಕ್ಷರ ಇರುವುದೆಲ್ಲವೂ ಪುಸ್ತಕವೇ ಎಂದು ರುದ್ರಪ್ಪನವರು ಉದಾರವಾಗಿ ತೀರ್ಪು ಕೊಟ್ಟು, ಎಲ್ಲವನ್ನೂ ದೊಡ್ಡ ಬೆಂಚಿನ ಮೇಲೆ ಜೋಡಿಸಿಟ್ಟರು.

ಎರಡನೆಯ ದಿನ, ಶನಿವಾರ ಮಧ್ಯಾಹ್ನ, ಚಿತ್ತಜ್ಜ ಬಂದರು. ಊರಾಚೆಯ ಹಟ್ಟಿಯ ಕುರಿ ಸಾಕುವ ಮನೆತನದವರು. ಹೆಗಲ ಕಂಬಳಿಯೊಳಗಿಂದ ಒಂದು ನೋಟ್‌ಬುಕ್ಕು ತೆಗೆದರು. ಅದು ಅವರ ಮಗಳು ಜಯಮ್ಮ ಬರೆದದ್ದು. ಆ ಹಟ್ಟಿಯಲ್ಲಿ ಮೊದಲು ಅಕ್ಷರ ಕಲಿತ ಹುಡುಗಿ. ನಾಲ್ಕನೇ ಇಯತ್ತೆಯಿಂದ ಮದುವೆಯಾಗಿ ಹಿರಿಯೂರು ಕಡೆಗೆ ಹೋಗುವವರೆಗೆ ಮನೆಯ ಒಂದೊಂದು ಕುರಿಯ ವಿಷಯವನ್ನೂ ಅಪ್ಪ ಹೇಳಿದಂತೆ ಬರೆದಿಟ್ಟಿದ್ದಳು. ಅಜ್ಜ ಅದನ್ನು ದೊಡ್ಡ ಬೆಂಚಿನ ಮೇಲೆ ಇಡಲು ಒಪ್ಪಲಿಲ್ಲ. “ಬರೋ ಸೋಮವಾರ ನಾನೂ ನನ್ನ ತಮ್ಮ ಕರಿಯಣ್ಣನೂ ಕುರಿ ಪಾಲು ಮಾಡ್ಕಂತೀವಿ. ಮಂದೆ ಒಂದೇ, ಕಿವಿ ಗುರುತೂ ಒಂದೇ. ಯಾವುದು ಯಾರದ್ದು ಅಂಬೋದು ಇದ್ರಾಗೆ ಮಾತ್ರ ಐತೆ. ಅಲ್ಲಿ ಇಟ್ರೆ ಯಾರಾದ್ರೂ ಎತ್ಕಂಡು ಹೋದಾರು. ನಿನ್ನ ಕೈಯಾಗೇ ಇರ್ಲಿ ಕಣವ್ವ, ಸಂಜೀಕೆ ಇಸ್ಕಂತೀನಿ,” ಎಂದರು. ಅಷ್ಟು ಜನರ ನಡುವೆ ನನ್ನ ಮೇಲೆ ನಂಬಿಕೆ ಇಟ್ಟರಲ್ಲ ಎಂದು ನನಗೆ ಹಿಗ್ಗು. ನನ್ನ ಮೇಜಿನ ಮೇಲೆ, ಕೈಗೆ ಹತ್ತಿರವಾಗಿ ಇಟ್ಟುಕೊಂಡೆ.

ಕೈಗೆ ಹತ್ತಿರವಾಗಿ ಇಟ್ಟುಕೊಂಡದ್ದೇ ತಪ್ಪಾಯಿತು. ಆ ಬೆಳಿಗ್ಗೆಯಷ್ಟೇ ದುರ್ಗದಿಂದ ಬಸ್ಸಿನ ಮೇಲೆ ಒಂದು ಪೆಟ್ಟಿಗೆ ಹೊಸ ಪುಸ್ತಕ ಬಂದಿತ್ತು. ಸೀಲು ಬೀಳದೆ ಯಾರೂ ಮುಟ್ಟಕೂಡದೆಂದು ರುದ್ರಪ್ಪನವರ ಅಪ್ಪಣೆ. ಊಟದ ಹೊತ್ತು, ಜಗಲಿಯಲ್ಲಿ ಜನ ಇಲ್ಲ. ಗುಡ್ಡದ ಕಡೆಯಿಂದ ಬೆಚ್ಚಗಿನ ಗಾಳಿ ಬಂದು ತೆರೆದಿಟ್ಟ ಪುಸ್ತಕಗಳ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಿತ್ತು. ಯಾರೂ ಇಲ್ಲದ ಜಗಲಿಯಲ್ಲಿ ಗಾಳಿಯೊಂದೇ ಎಲ್ಲ ಪುಸ್ತಕಗಳನ್ನೂ ಓದಿಕೊಂಡು ಹೋಗುತ್ತಿದೆ ಅನ್ನಿಸಿತು. ಎಷ್ಟು ಬೇಗ ಓದುತ್ತದೆ, ಎಷ್ಟು ನಿಧಾನವಾಗಿ ಹಿಂದಿರುಗಿಸುತ್ತದೆ, ಇದನ್ನು ಸದಸ್ಯತ್ವಕ್ಕೆ ಸೇರಿಸಿಕೊಂಡರೆ ವಿಳಾಸ ಏನೆಂದು ಬರೆಯುವುದು ಎಂದು ಯೋಚಿಸುತ್ತ ಸೀಲು ಹೊಡೆಯುತ್ತಲೇ ಇದ್ದೆ. ಪೆಟ್ಟಿಗೆ ಯಾವಾಗ ಬರಿದಾಯಿತೋ ತಿಳಿಯಲಿಲ್ಲ. ಕೈಗೆ ಸಿಕ್ಕ ಕೊನೆಯ ಪುಸ್ತಕದ ಮೇಲೆ ಮೂರನೆಯ ಪೆಟ್ಟು ಬಿದ್ದಾಗ, ಕೆಳಗೆ ಅಚ್ಚಿನ ಅಕ್ಷರದ ಬದಲು ಒಬ್ಬ ಹುಡುಗಿಯ ದುಂಡು ಕೈಬರಹ ಕಂಡಿತು. ಅಯ್ಯೋ ದೇವರೇ ಎಂದು ಸೀಲನ್ನು ಕೆಳಗಿಟ್ಟೆ. ಜಯಮ್ಮ ಪುಟಗಳಿಗೆ ಅಚ್ಚುಕಟ್ಟಾಗಿ ಅಂಕಿಯನ್ನೂ ಹಾಕಿದ್ದಳು. ಅದು ಹದಿನೇಳನೇ ಪುಟವೇ ಆಗಿತ್ತು.

ರಬ್ಬರಿನಿಂದ ಉಜ್ಜಿದೆ. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಒರೆಸಿದೆ. ಸೆರಗು ನೇರಳೆಯಾಯಿತೇ ಹೊರತು ಸೀಲು ಕದಲಲಿಲ್ಲ. ಮೊದಲ ಪುಟದ ಸೀಲನ್ನು ಉಜ್ಜುತ್ತ ಉಜ್ಜುತ್ತ ಅಲ್ಲಲ್ಲಿ ಓದಿದೆ. ‘ಕೆಂಪಿ. ಮೂಗಿನ ಮೇಲೆ ಬಿಳಿ ಚುಕ್ಕೆ. ಗುಡುಗಿದರೆ ಅಪ್ಪನ ಕಂಬಳಿಯೊಳಗೆ ತಲೆ ತೂರಿಸುತ್ತದೆ.’ ‘ಮೋಟಿ. ಬಾಲ ಚಿಕ್ಕದು, ಜಂಬ ದೊಡ್ಡದು.’ ನಾನು ಮಾಡಿದ ಅನಾಹುತವನ್ನೂ ಮರೆತು ನಾಲ್ಕು ಪುಟ ಓದಿಬಿಟ್ಟೆ. ಆಮೇಲೆ ನೆನಪಾಗಿ ಅಳು ಬಂತು. ಸೋಮವಾರ ಪಾಲು ಮಾಡುವಾಗ ಈ ಪುಸ್ತಕ ನಮ್ಮದಲ್ಲ, ಎಲ್ಲಿಯದೋ ಎಂದು ಆ ತಮ್ಮ ತಕರಾರು ತೆಗೆದರೆ ಅಜ್ಜನ ಗತಿ ಏನು ಎಂದು ಹೆದರಿ, ಹೋಗಿ ರುದ್ರಪ್ಪನವರ ಮುಂದೆ ನಿಂತು ಗಾಳಿಯ ಓದಿನಿಂದ ಹಿಡಿದು ನಡೆದದ್ದನ್ನೆಲ್ಲ ಒಪ್ಪಿಸಿದೆ.

ರುದ್ರಪ್ಪನವರು ನೋಟ್‌ಬುಕ್ಕನ್ನು ತಿರುವಿ ಮೂರು ಸೀಲುಗಳನ್ನೂ ನೋಡಿದರು. “ಚೊಕ್ಕಟವಾಗಿ ಬಿದ್ದೈತೆ,” ಎಂದರು. ಆಮೇಲೆ ನಿಟ್ಟುಸಿರು ಬಿಟ್ಟರು. “ಸೀಲು ಬಿದ್ದ ಮೇಲೆ ಅದು ಗ್ರಂಥಾಲಯದ್ದು ಕಣಮ್ಮ. ಹೊರಗೆ ಬಿಡಬೇಕಂದ್ರೆ ದುರ್ಗಕ್ಕೆ ಬರೀಬೇಕು. ಅವರು ಯಾಕೆ ಅಂತ ಕೇಳ್ತಾರೆ. ನಾವು ಏನಂತ ಹೇಳಾಣ, ಗಾಳಿ ಓದ್ತಾ ಇತ್ತು ಅಂತಲಾ?” ತುಂಬ ಹೊತ್ತು ಗಡ್ಡ ಕೆರೆದುಕೊಂಡ ಮೇಲೆ ಅವರಿಗೆ ಕಂಡ ದಾರಿ ಒಂದೇ. ಅಜ್ಜನನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವುದು, ಪುಸ್ತಕವನ್ನು ಹದಿನೈದು ದಿನಕ್ಕೆ ಎರವಲು ಕೊಡುವುದು. ಹದಿನೈದು ದಿನಕ್ಕೊಮ್ಮೆ ತಂದು ತೋರಿಸಿ ಮತ್ತೆ ಒಯ್ಯುತ್ತಿದ್ದರೆ ಯಾವ ಕಾನೂನೂ ಮುರಿಯುವುದಿಲ್ಲ. ಇಷ್ಟಾದ ಮೇಲೆ ಪುಸ್ತಕವನ್ನು ಯಾವ ವಿಭಾಗಕ್ಕೆ ಸೇರಿಸುವುದೆಂದು ಚರ್ಚೆಯಾಯಿತು. ಅವರು ಪಶುಪಾಲನೆ ಎಂದರು. ನಾನು ಜೀವನಚರಿತ್ರೆ ಎಂದೆ. ಅಪರಾಧಿಯಾಗಿದ್ದರಿಂದ ಹೆಚ್ಚು ವಾದಿಸಲಿಲ್ಲ.

ಸಂಜೆ ಅಜ್ಜ ಬಂದಾಗ ನಾನೇ ಎಲ್ಲವನ್ನೂ ಹೇಳಿದೆ. ಅಜ್ಜ ಸೀಲಿನ ಮೇಲೆ ಬೆರಳಾಡಿಸಿ ನೋಡಿದರು. “ಅಂದ್ರೆ ನಿಮ್ಮ ಗುರುತು ಹಾಕ್ಬಿಟ್ಟೆ. ನಮ್ಮ ಕಡೆ ಬೇರೇರ ಮರಿಗೆ ಕಿವಿ ಕೊಯ್ದು ಗುರುತು ಮಾಡಿದ್ರೆ ಸುಮ್ನೆ ಬಿಡಲ್ಲ ಕಣವ್ವ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದ ನನಗೆ ಇನ್ನಷ್ಟು ಸಂಕಟವಾಯಿತು. ರುದ್ರಪ್ಪನವರು ಸದಸ್ಯತ್ವದ ಅರ್ಜಿ ಮುಂದಿಟ್ಟು, ಒಬ್ಬರ ಜಾಮೀನು ಬೇಕೆಂದರು. ಅಜ್ಜ ಅವರ ಮುಖವನ್ನೇ ನೋಡಿದರು. “ನನ್ನ ಮಗಳು ಬರೆದದ್ದ ನನ್ನ ಮನೀಗೆ ಒಯ್ಯಾಕೆ ಜಾಮೀನು ಬೇಕಾ ಸ್ವಾಮಿ?” ರುದ್ರಪ್ಪನವರು ನೆಲ ನೋಡಿದರು. “ನಿಯಮ ಐತೆ ಯಜಮಾನ್ರೆ. ಬೇಜಾರು ಮಾಡ್ಕಬ್ಯಾಡ್ರಿ.” ನಾನೇ ಜಾಮೀನು ಹಾಕಿದೆ. ಅಜ್ಜ ಹೆಬ್ಬೆಟ್ಟು ಒತ್ತಿ, ನೋಟ್‌ಬುಕ್ಕನ್ನು ಮತ್ತೆ ಕಂಬಳಿಯೊಳಗೆ ಇಟ್ಟುಕೊಂಡು ಹಟ್ಟಿಯ ದಾರಿ ಹಿಡಿದರು. ಅಭ್ಯಾಸಬಲದಿಂದ ರುದ್ರಪ್ಪನವರು “ನಿಧಾನವಾಗಿ ಓದ್ರಿ,” ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಸೋಮವಾರ ನನ್ನ ಕೈಯಲ್ಲಿ ಒಂದು ಕೆಲಸವೂ ಆಗಲಿಲ್ಲ. ಕಣ್ಣ ಮುಂದೆ ಹಟ್ಟಿ, ಮಂದೆ, ಜಗಳ. ಮಂಗಳವಾರ ಸುದ್ದಿ ಬರಲಿಲ್ಲ, ಬುಧವಾರವೂ ಬರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಏನು ಉತ್ತರ ಬಂದೀತೋ ಎಂಬ ಭಯ. ಕನಸು ಕಾಣುವವರಿಗೆ ಇದೊಂದು ಶಿಕ್ಷೆ, ಕೆಟ್ಟದ್ದನ್ನೂ ಬಣ್ಣಬಣ್ಣವಾಗಿಯೇ ಕಾಣುತ್ತೇವೆ. ಕರಿಯಣ್ಣ ಎಂಬವನನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಆ ಹದಿನೈದು ದಿನದಲ್ಲಿ ಅವನಿಗೆ ದಪ್ಪ ಮೀಸೆ, ಕೆಂಪು ಕಣ್ಣು, ಕೈಗೊಂದು ಕೊಡಲಿ ಎಲ್ಲವನ್ನೂ ಒದಗಿಸಿದೆ.

ಹದಿನೈದನೆಯ ದಿನ, ಸರಿಯಾಗಿ ಬಾಗಿಲು ತೆರೆಯುವ ಹೊತ್ತಿಗೆ, ಅಜ್ಜ ಬಂದು ನಿಂತಿದ್ದರು. ನಮ್ಮ ಗ್ರಂಥಾಲಯದಲ್ಲಿ ಹೇಳಿದ ದಿನಕ್ಕೆ ಪುಸ್ತಕ ತಂದವರು ಅವರೇ ಮೊದಲಿಗರು. ರುದ್ರಪ್ಪನವರು ಎದ್ದು ನಿಂತು, “ಬರ್ರಿ, ಕುಂತ್ಕಳ್ರಿ,” ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು.

“ಪಾಲು ಆತಾ ಅಜ್ಜ?” ಎಂದು ಕೇಳಿದೆ.

“ಆತವ್ವ,” ಎಂದು ಅಜ್ಜ ಹೇಳತೊಡಗಿದರು. “ಮೊದ್ಲು ಕರಿಯಣ್ಣ, ಹುಡುಗಿ ಗೀಚಿದ್ದನ್ನ ನಾನು ನಂಬಲ್ಲ ಅಂದ. ಓದಾಕೆ ಅಂತ ಕರೆಸಿದ್ದ ಶಾಲೆ ಮೇಷ್ಟ್ರು ಪುಸ್ತಕ ಬಿಚ್ಚಿದ್ರು. ಮೊದ್ಲ ಹಾಳಿಯಾಗೇ ನಿನ್ನ ಸೀಲು. ಇದು ಸರ್ಕಾರದ ಗುರುತು ಕಣ್ರಪ್ಪ ಅಂದ್ರು. ಅಲ್ಲಿಗೆ ಎಲ್ರೂ ಸುಮ್ಮನಾದ್ರು. ಮೇಷ್ಟ್ರು ಓದಿದಂಗೆ ಒಂದೊಂದೇ ಕುರಿ ಆ ಕಡೆ ಈ ಕಡೆ ಹೋದ್ವು.”

ನನಗೆ ಹೋದ ಜೀವ ಬಂದಂತಾಯಿತು. ನನ್ನ ತಪ್ಪೇ ಅಜ್ಜನ ಕೈಹಿಡಿದು ಕಾಪಾಡಿದೆ ಎಂದು ಒಳಗೊಳಗೇ ಬೀಗತೊಡಗಿದೆ.

“ಆಮ್ಯಾಲೆ ಹದಿನೇಳನೇ ಹಾಳಿ ಬಂತು,” ಎಂದರು ಅಜ್ಜ.

ಹದಿನೇಳನೇ ಪುಟದಲ್ಲಿದ್ದದ್ದು ಬೆಳ್ಳಿ ಎಂಬ ಕುರಿ. ಅಜ್ಜನಿಗೆ ಇಡೀ ಮಂದೆಯಲ್ಲಿ ಅದರ ಮೇಲೇ ಪ್ರಾಣ. ಅದು ತನ್ನದೆಂದೇ ಅವರು ತಿಳಿದಿದ್ದರು, ತಮ್ಮನೂ ಅದು ಅಣ್ಣನದೆಂದೇ ತಿಳಿದಿದ್ದ. ಆದರೆ ಜಯಮ್ಮ ಹತ್ತನೇ ವಯಸ್ಸಿನಲ್ಲಿ ಬರೆದಿದ್ದ ಸಾಲು ಬೇರೆಯೇ ಇತ್ತು. ‘ಬೆಳ್ಳಿ ಚಿಗಪ್ಪನದು. ನನಗೆ ಜ್ವರ ಬಂದಾಗ ಚಿಗಪ್ಪ ನನ್ನನ್ನು ಹೊಸದುರ್ಗದವರೆಗೆ ಹೊತ್ತುಕೊಂಡು ಹೋದ. ಅದಕ್ಕೇ ಅಪ್ಪ ಈ ಮರಿ ಅವನಿಗೆ ಕೊಟ್ಟ.’

“ಕೊಟ್ಟಿದ್ದು ನಾನೇ ಕಣವ್ವ. ಮರ್ತಿದ್ದೂ ನಾನೇ. ಸೀಲು ಇಲ್ದಿದ್ರೆ, ಹುಡುಗಿ ಏನೋ ಬರ್ಕಂಡವಳೆ ಅಂತ ನಾನೇ ಅಂದುಬಿಡ್ತಿದ್ದೆನೋ ಏನೋ. ಸರಿಯಾಗಿ ಆ ಸಾಲಿನ ಮ್ಯಾಲೇ ನಿನ್ನ ಗುರುತು ಕುಂತೈತೆ. ನನಗೂ ಬಾಯಿ ಇಲ್ದಂಗಾತು,” ಎಂದರು ಅಜ್ಜ. ನಾನು ಬೀಗುತ್ತಿದ್ದವಳು ಅಲ್ಲೇ ಕುಗ್ಗಿದೆ. ಕಣ್ಣಲ್ಲಿ ನೀರು ತುಂಬಿತು. “ಅಳಬ್ಯಾಡ. ಕರಿಯಣ್ಣ ಅದನ್ನ ಕೇಳಿ ಅಲ್ಲೇ ಕುಸಿದು ಕುಂತ. ಅವನಿಗೂ ಮರ್ತೋಗಿತ್ತು. ಬೆಳ್ಳೀನ ನಾನು ಸಾಕ್ತೀನಿ, ಅದರ ಈ ಸಲದ ಮರಿ ನೀನಿಟ್ಕ ಅಣ್ಣಾ ಅಂದ. ಇಬ್ರೂ ಒಂದೇ ತಾವ ಉಂಡ್ವಿ. ಬಾಳ ದಿನ ಆಗಿತ್ತು ಹಂಗೆ ಉಂಡು.”

ಅಜ್ಜ ನೋಟ್‌ಬುಕ್ಕನ್ನು ನನ್ನ ಮುಂದೆ ತೆರೆದು, ಬರೆಯದ ಹಾಳೆಯೊಂದನ್ನು ತೋರಿಸಿದರು. ಬರೆಯುವ ಮಗಳು ಹಿರಿಯೂರು ಕಡೆ ಇದ್ದಾಳೆ, ಪುಸ್ತಕ ಹೇಗೂ ಗ್ರಂಥಾಲಯದ್ದಾಗಿದೆ, ಆದ್ದರಿಂದ ಇನ್ನು ಮುಂದೆ ಬರೆಯುವುದೂ ನಮ್ಮದೇ ಕೆಲಸ ಎಂದು ಅವರ ನ್ಯಾಯ. ರುದ್ರಪ್ಪನವರು ಗ್ರಂಥಾಲಯದ ಪುಸ್ತಕದಲ್ಲಿ ಯಾರೂ ಏನನ್ನೂ ಬರೆಯಕೂಡದೆಂಬ ಫಲಕದ ಕೆಳಗೇ ನಿಂತಿದ್ದರು. ಅವರೇ ಶಾಯಿ ತುಂಬಿದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು.

“ಬೆಳ್ಳಿಯ ಮರಿ. ಹೆಣ್ಣು. ಮೈಯೆಲ್ಲ ಕಂದು, ಹಣೆ ಬಿಳಿ. ಬರ್ದ್ಯಾ?”

“ಬರೆದೆ. ಹೆಸರು?”

“ಗಿರಿಜಿ.”

ನಾನು ತಲೆ ಎತ್ತಿದೆ. ಅಜ್ಜ ನಗುತ್ತಿರಲಿಲ್ಲ. ಅವರಿಗೆ ಅದು ದೊಡ್ಡ ಗೌರವ ಕೊಡುವ ಕೆಲಸ. ನನಗೂ ಮನಸ್ಸು ತುಂಬಿ ಬಂತು. ದುಂಡಗೆ ಬರೆದು, “ಗುಣ ಏನಂತ ಬರೀಲಿ ಅಜ್ಜ?” ಎಂದೆ.

ಅಜ್ಜ ಕಿಟಕಿಯಾಚೆ ನೋಡಿ ಸ್ವಲ್ಪ ಹೊತ್ತು ಯೋಚಿಸಿದರು. “ಮೇಯಾಕೆ ಬಿಟ್ರೆ ಮೇವು ಮರ್ತು ಗುಡ್ಡ ನೋಡ್ಕಂಡು ನಿಂತಿರ್ತೈತೆ. ಮಂದೆ ಮುಂದಕ್ಕೆ ಹೋದದ್ದೂ ತಿಳಿಯಲ್ಲ. ಕೆಟ್ಟ ಕುರಿ ಅಲ್ಲ. ಒಬ್ರು ಕಾಯ್ತಾ ಇರಬೇಕು, ಅಷ್ಟೇ.”

ಒಂದಕ್ಷರ ಬಿಡದೆ ಬರೆದೆ. ಅಜ್ಜ ಓದಿ ಹೇಳು ಎಂದರು, ಓದಿದೆ. ಹಿಂದೆ ನಿಂತಿದ್ದ ರುದ್ರಪ್ಪನವರು ಇನ್ನೊಂದು ಸಲ ಓದಮ್ಮ ಎಂದರು, ಮತ್ತೂ ಓದಿದೆ. ಏನಾದರೂ ತಿದ್ದುವುದಿದೆಯೇ ಎಂದು ಇಬ್ಬರನ್ನೂ ಆಸೆಯಿಂದ ಕೇಳಿದೆ. ಇಬ್ಬರೂ ಚೆನ್ನಾಗಿ ಯೋಚಿಸಿ, ಎಲ್ಲ ಸರಿಯಾಗಿಯೇ ಇದೆ ಎಂದರು.